ಜರಾಸಂಧನ ಹಿಟ್ ಪಾಯಿಂಟ್ ಎಷ್ಟು?

ಎಲ್ಲಾರಿಗೂ ನಮಸ್ಕಾರ್ರಿ. ಹುಬ್ಬಳ್ಳಿ, ಗದಗ, ಹಾವೇರಿಯಿಂದ ದಾಳದ ಚೀಲಾ ಹಿಡಕೊಂಡು ಧಾರವಾಡದ ತನಕ ಬಂದೀರಿ. ನಿಮ್ಮ ಮುಂದ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಅನ್ನೂ, ದಾಳ ಒಗದು ಪಾತ್ರ ಕಟ್ಟಿ ಕಥಿ ಆಡೂ ಆಟ ಅಂದ್ರ ಏನು, 1974ರಾಗ ಅದು ಹ್ಯಾಂಗ ಸುರು ಆತು ಅಂತ ಹೇಳಿಕೊಂತ ಕೂತ್ರ ಚಹಾ ಆರಿ ಹೋಗ್ತೈತಿ. ಅದಕ್ಕ ನೇರ ವಿಷಯಕ್ಕ ಬರ್ತೀನಿ. ನೀವು ಕೈಯಾರೆ ಮಾಡಿದ ರಾಕ್ಷಸರ ಹಾಳಿ ಎಲ್ಲಾ ಈ ಮೇಜಿನ ಮ್ಯಾಲೆ ಅದಾವು. ಅದರಾಗಿಂದ ಎರಡು ತಗೊಂಡು ಸುರು ಮಾಡೂಣು. ಬರದವರ ಹೆಸರು ಹೇಳೂದಿಲ್ಲ. ಆಟ ನಡಸೋರೆಲ್ಲಾ ಮಾಡೂ ತಪ್ಪು ಇವು.

ಮೊದಲನೇ ಹಾಳಿ. ಲಕ್ಕುಂಡಿಯ ಮುಸುಕಿನ ಬಾವಿಯಂಥಾ ಒಂದು ಮೆಟ್ಟಿಲ ಬಾವಿ, ಅದರೊಳಗ ಒಂದು ಕಾವಲು ಭೂತ. ಅದರ ಕಥಿ ಎರಡೂವರಿ ಪುಟ: ಯಾವ ದಂಡನಾಯಕ ಬಂಗಾರ ಕದ್ದ, ಯಾರು ಅತ್ತು ಶಾಪಾ ಕೊಟ್ರು, ಬಾವಿಯ ನೀರು ಯಾಕ ಉಪ್ಪಾತು. ಓದಿದ್ರ ಮೈ ಜುಂ ಅಂತೈತಿ. ಕೆಳಗ ಅಂಕಿ: ಆರ್ಮರ್ ಕ್ಲಾಸ್ (ಏಟು ತಾಗಾಕ ದಾಳದಾಗ ಮುಟ್ಟಬೇಕಾದ ಅಂಕಿ) 19, ಹಿಟ್ ಪಾಯಿಂಟ್ (ಎಷ್ಟು ಪೆಟ್ಟು ತಡೀತೈತಿ ಅನ್ನೂ ಜೀವದ ಲೆಕ್ಕಾ) 200. ಎದುರಿಗೆ 3ನೇ ಲೆವೆಲ್ಲಿನ ನಾಲ್ಕು ಮಂದಿ.

ಲೆಕ್ಕಾ ಹಾಕ್ರಿ. 3ನೇ ಲೆವೆಲ್ಲಿನಾಗ ದಾಳಕ್ಕ ಕೂಡೂದು ಸಾಮಾನ್ಯವಾಗಿ +5. 19 ಮುಟ್ಟಬೇಕಂದ್ರ 20 ಮುಖದ ದಾಳದಾಗ 14 ಇಲ್ಲಾ ಅದಕ್ಕಿಂತ ಹೆಚ್ಚು ಬೀಳಬೇಕು, ಅಂದ್ರ ನೂರಕ್ಕ 35. ಒಂದು ಕತ್ತಿ ಏಟಿಗೆ ಸರಾಸರಿ 7.5 ಡ್ಯಾಮೇಜ್. ಗುರಿ ತಪ್ಪೂ ಏಟನ್ನೂ ಲೆಕ್ಕಕ್ಕ ಹಿಡಿದ್ರ ಒಂದು ಸುತ್ತಿಗೆ (ಎಲ್ಲಾರ ಪಾಳಿ ಒಮ್ಮೆ ಮುಗಿದ್ರ ಒಂದು ಸುತ್ತು) ಒಬ್ಬರಿಂದ 2.6. ರೋಗ್, ಅಂದ್ರ ಕಳ್ಳನ ಪಾತ್ರ ಇದ್ರ, ಸ್ನೀಕ್ ಅಟ್ಯಾಕ್ (ಹೊಂಚಿ ಹೊಡಿಯೂ ಏಟು) ಸೇರಿ 5. ನಾಲ್ಕೂ ಮಂದಿ ಕೂಡಿ 13 ದಾಟೂದಿಲ್ಲ. 200ನ್ನ 13ರಿಂದ ಭಾಗಿಸಿದ್ರ 15 ಸುತ್ತು. ಸುತ್ತಿಗೆ ಐದು ನಿಮಿಷ ಅಂದ್ರೂ ಒಂದೂಕಾಲು ತಾಸು. ಆ ಒಂದೂಕಾಲು ತಾಸಿನಾಗ ಮೂರರಾಗ ಎರಡು ಪಾಳಿ ಬರೇ "ತಾಗಲಿಲ್ಲ, ಮುಂದಿನವರು ಯಾರು?" ಅನ್ನೂದರಾಗ ಹೋಗ್ತಾವು. ಬಂಗಾರ, ಕಣ್ಣೀರು, ಶಾಪಾ ಒಂದೂ ಆಟಗಾರರ ಕಿವಿಗೆ ಬೀಳಲೇ ಇಲ್ಲ.

ಎರಡನೇ ಹಾಳಿ ಇದಕ್ಕ ತದ್ವಿರುದ್ಧ. ಆಟ ನಡಸೋರ ಕೈಪಿಡಿ, 2014ರ ಡಂಜನ್ ಮಾಸ್ಟರ್ಸ್ ಗೈಡಿನ ಕೋಷ್ಟಕದಾಗ ಚಾಲೆಂಜ್ ರೇಟಿಂಗ್ (ರಾಕ್ಷಸ ಎಷ್ಟು ಕಠಿಣ ಅನ್ನೂ ಅಂಕಿ) 3ರ ಸಾಲು ಐತೆಲ್ಲಾ, ಅದನ್ನ ಇದ್ದಂಗ ಇಳಿಸ್ಯಾರ: ಆರ್ಮರ್ ಕ್ಲಾಸ್ 13, ಹಿಟ್ ಪಾಯಿಂಟ್ 101ರಿಂದ 115, ದಾಳಿಗೆ +4, ಸುತ್ತಿಗೆ 21ರಿಂದ 26 ಡ್ಯಾಮೇಜ್, ಸೇವ್ (ಅದರ ಮಾಟ, ವಿಷದಂಥಾದ್ದನ್ನ ತಪ್ಪಿಸಿಕೊಳ್ಳಾಕ ದಾಳದಾಗ ಮುಟ್ಟಬೇಕಾದ ಅಂಕಿ) 13. ಅದೇ ನಾಲ್ಕು ಮಂದಿ ಇದರ ಎದುರು ನಿಂತ್ರ ನೂರಕ್ಕ 65 ಏಟು ತಾಗ್ತಾವು, ಸುತ್ತಿಗೆ ಹತ್ರ ಹತ್ರ 24 ಇಳೀತೈತಿ, ನಾಲ್ಕೈದು ಸುತ್ತಿನಾಗ ಮುಗೀತೈತಿ. ಲೆಕ್ಕಾ ಚೊಕ್ಕ ಐತಿ. ಆದ್ರ ಮ್ಯಾಲಿನ ಹೆಸರು ಅಳಿಸಿ ಕರಡಿ ಅಂತ ಬರೀರಿ, ಮೊಸಳಿ ಅಂತ ಬರೀರಿ, ಆಟದಾಗ ಕೂದಲೆಳಿಯಷ್ಟೂ ಫರಕು ಬೀಳೂದಿಲ್ಲ.

ನಾ ಹೇಳಬೇಕಂತ ಬಂದದ್ದು ಒಂದು ಮಾತು. ರಾಕ್ಷಸನ ಹಾಳಿ ಮ್ಯಾಲಿನ ಪ್ರತಿ ಅಂಕಿಗೂ ಒಂದು ಕುರುಹು ಬೇಕು. ಆ ಅಂಕಿ ಏಟು ಕೊಡೂಕಿಂತ ಮೊದಲು ಆಟಗಾರರ ಕಣ್ಣಿಗೋ ಕಿವಿಗೋ ಸಿಗೂವಂಥಾ ಕುರುಹು. ಹಂಗ ಕಥಿಯೊಳಗಿನ ಪ್ರತಿ ಮಾತಿಗೂ ಒಂದು ಅಂಕಿ ಬೇಕು. ಜೋಡಿ ಸಿಗದ ಅಂಕಿ, ಜೋಡಿ ಸಿಗದ ಮಾತು, ಎರಡನ್ನೂ ಹೊಡದು ಹಾಕ್ರಿ.

ದೊಡ್ಡಾಟ ನೋಡಿದವರಿಗೆ ಇದು ಹೊಸಾದಲ್ಲ. ರಾಕ್ಷಸ ಪಾತ್ರ ರಂಗಕ್ಕ ಬಂದ ಕೂಡಲೇ ಬಡಿದಾಟಕ್ಕ ಇಳಿಯೂದಿಲ್ಲ. ಸಾರಥಿ ಕೇಳ್ತಾನ, ತಾವು ಯಾರು, ಯಾವ ಊರು? ಅವ ತನ್ನ ಹೆಸರು, ತನ್ನ ಪಟ್ಟಣ, ತನ್ನ ಪರಾಕ್ರಮ ಎಲ್ಲಾ ಕುಣಕೊಂತ ಹೇಳ್ತಾನ. ಮುಂದ ಕೂತ ಸಣ್ಣ ಹುಡುಗರಿಗೂ ಇವನ ಬಲ ಎಲ್ಲೈತಿ, ಸೊಕ್ಕು ಎಲ್ಲೈತಿ ತಿಳದಿರತೈತಿ. ಯುದ್ಧ ಆಮ್ಯಾಲೆ.

ಈಗ ಜರಾಸಂಧಗ ಬರೂಣು. ಅಂವ ರಾಕ್ಷಸ ಅಲ್ಲ, ಮಗಧದ ಅರಸ ಅಂತ ಯಾರರೆ ಎದ್ದು ಹೇಳೂಕಿಂತ ಮೊದಲು ನಾನ ಒಪ್ಪಿಕೊಂತೀನಿ. ಆದ್ರ ಕಥಿ ಮತ್ತ ಅಂಕಿ ಒಂದಕ್ಕೊಂದು ಹೆಣಕೊಂಡದ್ದನ್ನ ತೋರಸಾಕ ಇವಗಿಂತ ಚಲೋ ಉದಾಹರಣಿ ಸಿಗೂದಿಲ್ಲ. ಗದಗಿನವರು ನೀವಿದ್ದೀರಿ, ಕುಮಾರವ್ಯಾಸ ಭಾರತ ಬರದ ಊರಿನವರು, ತಪ್ಪಿದ್ರ ತಿದ್ರಿ. ಬೃಹದ್ರಥಗ ಮಕ್ಕಳಿಲ್ಲ. ಮುನಿ ಒಂದು ಮಾವಿನ ಹಣ್ಣು ಕೊಟ್ಟ. ಇಬ್ಬರು ರಾಣ್ಯಾರು, ಹಣ್ಣು ಒಂದು. ಕೊಯ್ದು ಅರ್ಧರ್ಧ ತಿಂದ್ರು. ಹುಟ್ಟಿದ್ದೂ ಅರ್ಧರ್ಧ ಕೂಸು! ಒಬ್ಬಾಕಿಗೆ ಒಂದು ಕಣ್ಣು, ಒಂದು ಕೈ, ಒಂದು ಕಾಲಿನ ತುಂಡು, ಇನ್ನೊಬ್ಬಾಕಿಗೂ ಹಂಗ. ಹೆದರಿ ಹೊರಗ ಒಗಸಿದ್ರು. ಜರಾ ಅನ್ನೂ ರಾಕ್ಷಸಿ ಎರಡನ್ನೂ ಎತ್ತಿ ಜೋಡಿಸಿದ್ಲು, ಕೂಸು ಕಿಟಾರನೆ ಕಿರಚಿತು. ಜರಾ ಕೂಡಿಸಿದಾಂವ, ಅದಕ್ಕ ಜರಾಸಂಧ. ಹೆಸರಿನಾಗ ಕುರುಹು ಐತಿ, ನೋಡ್ರಿ. ಭೀಮ ಅಖಾಡಕ್ಕ ಇಳಿಯೂಕಿಂತ ಎಷ್ಟೋ ವರ್ಷ ಮೊದಲ ಇವನ ದುರ್ಬಲ ಜಾಗಾ ಊರ ಮಂದಿ ಬಾಯಾಗ ಐತಿ.

ಮುಂದ ಮಲ್ಲಯುದ್ಧ. ಭೀಮ ಸೀಳಿ ಒಗದ, ಹೋಳು ಕೂಡಿದುವು, ಅಂವ ಎದ್ದ. ಮತ್ತ ಸೀಳಿದ, ಮತ್ತ ಎದ್ದ. ಭೀಮನ ಬಲ ಕಡಿಮಿ ಆಗಿರಲಿಲ್ಲ, ಅವಗ ಉಪಾಯ ಹೊಳದಿರಲಿಲ್ಲ. ಆಗ ಕೃಷ್ಣ ಒಂದು ಹುಲ್ಲುಕಡ್ಡಿ ತಗೊಂಡು ಸೀಳಿ, ಬಲದ್ದನ್ನ ಎಡಕ್ಕ, ಎಡದ್ದನ್ನ ಬಲಕ್ಕ ಒಗದ. ಬಾಯಿ ಬಿಟ್ಟು ಒಂದು ಮಾತೂ ಹೇಳಲಿಲ್ಲ. ಆಟ ನಡಸೋರು ಕಲೀಬೇಕಾದ ಕಲಿ ಅದು. "ಹೋಳು ದೂರ ಒಗೀರಿ" ಅಂತ ನೀವ ಹೇಳಿದ್ರ ಗೆಲುವು ನಿಮ್ಮದಾಗ್ತೈತಿ. ಹುಲ್ಲುಕಡ್ಡಿ ತೋರಿಸಿದ್ರ ಗೆಲುವು ಭೀಮಂದು.

ಇದನ್ನ ಹಾಳಿಗೆ ಇಳಿಸೂಣು, ಅದೇ 3ನೇ ಲೆವೆಲ್ಲಿನ ನಾಲ್ಕು ಮಂದಿಗೆ. ಆರ್ಮರ್ ಕ್ಲಾಸ್ 13, ಹಿಟ್ ಪಾಯಿಂಟ್ 70. 0 ಆದ ಕೂಡಲೇ ಎರಡು ಹೋಳಾಗಿ ಬೀಳ್ತಾನ. ಅವನ ಮುಂದಿನ ಪಾಳಿ ಸುರು ಆಗೂ ಹೊತ್ತಿಗೆ ಹೋಳುಗಳ ನಡುವ 30 ಅಡಿಗಿಂತ ಕಡಿಮಿ ಅಂತರ ಇದ್ರ 35 ಹಿಟ್ ಪಾಯಿಂಟ್ ತಗೊಂಡು ಏಳ್ತಾನ. 30 ಅಡಿ ಇದ್ರ ಮುಗೀತು. ಯಾಕ 30? ಹಿಡಿದು ಎಳಕೊಂಡು ಹೋಗಬೇಕಾದ್ರ ಮನಷ್ಯಾನ ವೇಗ ಅರ್ಧ, ಅಂದ್ರ 15 ಅಡಿ. ಒಬ್ಬನಿಂದ ಆಗೂದಿಲ್ಲ. ಇಬ್ಬರು, ಎದುರಾ ಬದುರಾ ದಿಕ್ಕಿಗೆ ಎಳದ್ರ 15 ಮತ್ತ 15. ಹುಲ್ಲುಕಡ್ಡಿಯ ಆ ಎರಡು ದಿಕ್ಕು ಈಗ ಒಂದು ಅಂಕಿ ಆತು. 10 ಅಂತ ಬರದಿದ್ರ ಒಬ್ಬನ ಎಳದು ಮುಗಿಸ್ತಿದ್ದ, ಕಥಿ ಸತ್ತು ಹೋಗ್ತಿತ್ತು. 60 ಅಂತ ಬರದಿದ್ರ ಉಪಾಯ ಹೊಳದ ಮ್ಯಾಲೂ ಕೆಲಸ ಆಗ್ತಿರಲಿಲ್ಲ, ಆಟಗಾರರು "ಇದು ಅಲ್ಲ ಬಿಡು" ಅಂತ ಖರೇ ಉತ್ತರಾನ ಕೈಬಿಡತಿದ್ರು.

ಈಗ ಹಿಟ್ ಪಾಯಿಂಟಿನ ಬಜೆಟ್. ಒಂದು ಸಲ ಎದ್ರ ಒಟ್ಟು 105, ಆ ಕೋಷ್ಟಕದ 3ರ ಸಾಲಿಗೆ ಸರಿಯಾಗಿ ಕೂಡ್ತೈತಿ, ನಾಲ್ಕೂವರಿ ಸುತ್ತಿನ ಕಾಳಗ. ಎರಡು ಸಲ ಎದ್ರ 140, ಆರು ಸುತ್ತು. ಮೂರು ಸಲ ಅಂದ್ರ 175, ಏಳು ಸುತ್ತು ದಾಟತೈತಿ, ಮಂದಿ ಮೊಬೈಲ್ ತಗೀತಾರ. ಅದಕ್ಕ ಒಂದು ಸಲ ಏಳೂದನ್ನ ಲೆಕ್ಕದಾಗ ಹಿಡದ ಮೊದಲಿನ 70 ಬರೀರಿ. ಟ್ರೋಲ್, ಗಾಯ ತಾನ ಮಾಯೂ ರಾಕ್ಷಸ, ಗೊತ್ತಿರಬೇಕಲ್ಲಾ? 2014ರ ರಾಕ್ಷಸರ ಪುಸ್ತಕದಾಗ ಅದರ ಚಾಲೆಂಜ್ ರೇಟಿಂಗ್ 5, ಆದ್ರ ಹಿಟ್ ಪಾಯಿಂಟ್ ಬರೇ 84, ಕೋಷ್ಟಕ ಕೇಳೂದು 131ರಿಂದ 145. ಪ್ರತಿ ಪಾಳಿಗೆ 10 ವಾಪಸ್ ಬರ್ತೈತಿ, ಹಿಂಗಾಗಿ ಮೂರು ಸುತ್ತಿನ 30 ಕೂಡಿಸಿ 114 ಅಂತ ಹಿಡೀಬೇಕು. ಬೆಂಕಿ ಇಲ್ಲಾ ಆ್ಯಸಿಡ್ ತಾಗಿದ್ರ ಮುಂದಿನ ಪಾಳಿಗೆ ಅದು ನಿಲ್ತೈತಿ. ಚಲೋ ನಿಯಮ. ಆದ್ರ ಆ ಬೆಂಕಿಗೆ ಕುರುಹು ಎಲ್ಲಿ? ಟ್ರೋಲಿನ ಗವಿಯೊಳಗ ಒಲಿ ಇಲ್ಲ, ಹಸಿ ಮಾಂಸದ ವಾಸನಿ, ದೀವಟಿಗಿ ಕಂಡ ಕೂಡಲೇ ಹಿಂದಕ್ಕ ಸರಿಯೂ ಹೆಜ್ಜಿ, ಇವನ್ನ ನೀವ ಇಡಬೇಕು.

ಜರಾಸಂಧಗ ಮೂರು ಕುರುಹು ಇಡ್ರಿ, ಒಂದು ಎರಡು ಸಾಲೂದಿಲ್ಲ, ಯಾಕಂದ್ರ ಒಂದನ್ನ ಆಟಗಾರರು ಕೇಳಿಸಿಕೊಳ್ಳೂದಿಲ್ಲ, ಇನ್ನೊಂದನ್ನ ತಪ್ಪು ತಿಳಕೊಂತಾರ. ಊರ ಬಾಗಲದಾಗ ಮುದುಕಿ ಹೇಳೂ ಜರಾ ಕಥಿ ಒಂದು. ಹಣಿಯಿಂದ ಎದಿತನಕ ಕೂದಲಿನಷ್ಟು ಸಣ್ಣ ಹೊಲಿಗಿ ಗೆರಿ ಎರಡು. ಏಟು ಬಿದ್ದಾಗ ಎಡಗೈ ಬಲಗೈಗಿಂತ ಒಂದು ಕ್ಷಣ ತಡಾಗಿ ಏಳೂದು ಮೂರು. ಮೂರೂ ತಪ್ಪಿ ಹೋದ್ರ, ಎರಡನೇ ಸಲ ಬಿದ್ದಾಗ ಬೆರಳು ನೆಲಾ ಕೆರಕೊಂತ ಇನ್ನೊಂದು ಹೋಳಿನ ಕಡೆ ಹರಿಯೂದನ್ನ ನಿಧಾನಕ್ಕ ವರ್ಣಿಸ್ರಿ. ಯಾರರೆ ಒಂದು ಹೋಳನ್ನ ಬಾವಿಗೆ ಒಗದ್ರ? 30 ಅಡಿ ಆಳ ಇದ್ರ ಅದೂ ದೂರಾನ, ಒಪ್ಪಿಕೋರಿ. ಸುಡತೀವಿ ಅಂದ್ರ ಏನು ಅಂತ ಮನ್ಯಾಗ ಕೂತಾಗನ ನಿರ್ಧಾರ ಮಾಡಿ ಬರೀರಿ, ಆಟದ ನಡುವ ತಡವರಿಸಬ್ಯಾಡ್ರಿ.

ಡ್ಯಾಮೇಜಿನ ಒಂದು ಗಂಡಾಂತರ ಐತಿ. ಸುತ್ತಿಗೆ 24 ಅಂತ ಕೋಷ್ಟಕ ಹೇಳಿತು ಅಂತ ಒಂದ ಏಟಿನಾಗ 24 ಇಟ್ರ, 3ನೇ ಲೆವೆಲ್ಲಿನ ಫೈಟರ್ 28 ಹಿಟ್ ಪಾಯಿಂಟಿನಾಗ 4 ಉಳಿಸಿಕೊಂಡು ನಿಲ್ತಾನ, 17 ಇದ್ದ ವಿಝರ್ಡ್ (ಮಂತ್ರವಾದಿ) ಮೊದಲನೇ ಏಟಿಗೆ ನೆಲಕ್ಕ. ಅದನ್ನ 12ರ ಎರಡು ಏಟು ಮಾಡ್ರಿ, ಒಂದು ಎಡಗೈಯಿಂದ, ಒಂದು ಬಲಗೈಯಿಂದ. ನೋಡ್ರಿ, ಇಲ್ಲೂ ಅರ್ಧ ಮತ್ತ ಅರ್ಧ. ಅಂಕಿ ಸೀಳಿದ್ದೂ ಕಥಿನ ಹೇಳ್ತೈತಿ.

ಇನ್ನ ಗುಂಪಿನ ಪ್ರಾಣಿ. ಕಪ್ಪತಗುಡ್ಡದ ಸೀಮಿಯವರಿಗೆ ತ್ವಾಳ ಅಂದ್ರ ಏನು ಅಂತ ಹೇಳೂದು ಬ್ಯಾಡ. ಮಾನ್‌ಸ್ಟರ್ ಮ್ಯಾನ್ಯುಯಲ್ಲಿನ (ಅದೇ 2014ರ ರಾಕ್ಷಸರ ಪುಸ್ತಕ) ತ್ವಾಳ: ಆರ್ಮರ್ ಕ್ಲಾಸ್ 13, ಹಿಟ್ ಪಾಯಿಂಟ್ 11, ಕಡತಕ್ಕ +4, ಡ್ಯಾಮೇಜ್ 7, ಗುರಿಯ ಮಗ್ಗಲಾಗ ಜೊತಿಗಾರ ತ್ವಾಳ ಇದ್ರ ಎರಡು ದಾಳ ಒಗದು ದೊಡ್ಡದನ್ನ ಹಿಡೀತೈತಿ. ಆರು ತ್ವಾಳ, 2ನೇ ಲೆವೆಲ್ಲಿನ ನಾಲ್ಕು ಮಂದಿ. 2014ರ ಪುಸ್ತಕದ ಲೆಕ್ಕದಾಗ ತ್ವಾಳಕ್ಕ 50 ಅನುಭವದ ಅಂಕಿಯಂತ ಆರಕ್ಕ 300, ಗುಂಪಿಗೆ ಎರಡು ಪಟ್ಟು ಹಿಡದು 600, ಅಂದ್ರ "ಕಠಿಣ", "ಪ್ರಾಣಾಂತಿಕ" ಅಲ್ಲ. ಆದ್ರ ಆರೂ ಒಬ್ಬನ ಮ್ಯಾಲೆ ಬಿದ್ರ? ಆರ್ಮರ್ ಕ್ಲಾಸ್ 16ರ ಫೈಟರಗ ಒಂದು ದಾಳದಾಗ ನೂರಕ್ಕ 45 ತಾಗೂದು ಎರಡು ದಾಳದಾಗ 70 ಆಗ್ತೈತಿ. ಆರು ಕಡತಕ್ಕ ಸರಾಸರಿ 29. ಅವನ ಹತ್ರ ಇರೂದು 20. ಒಂದ ಸುತ್ತಿಗೆ ಮುಗೀತು. ಪುಸ್ತಕದ ಲೆಕ್ಕಾ ತಪ್ಪಿಲ್ಲ. ತ್ವಾಳದ ಸ್ವಭಾವ ಬರೀಲಿಲ್ಲ, ಅದ ತಪ್ಪು.

ಕುರಿ ಕಾಯೋರನ್ನ ಕೇಳ್ರಿ. ತ್ವಾಳ ಬಡಿಗಿ ಹಿಡದ ಗಂಡಸಿನ ಮ್ಯಾಲೆ ಆರೂ ಕೂಡಿ ಹಾರೂದಿಲ್ಲ. ನಾಯಿಗಳನ್ನ ಒಂದು ಕಡೆ ಎಳದು, ಹಿಂದುಳಿದ ಮರಿ ಹೊತ್ತೊಯ್ಯತಾವು. ಹಂಗಾದ್ರ ಬರೀರಿ: ಒಬ್ಬನ ಮ್ಯಾಲೆ ಎರಡಕ್ಕಿಂತ ಹೆಚ್ಚು ಬೀಳೂದಿಲ್ಲ, ಬಿದ್ದವನನ್ನ ಎಳಕೊಂಡು ಹೋಗಾಕ ನೋಡ್ತಾವು, ಮೂರು ಸತ್ರ ಉಳಿದವು ಓಡತಾವು. ಈಗ ಲೆಕ್ಕಾ ಮತ್ತ ನೋಡ್ರಿ. ಒಬ್ಬನಿಗೆ ಸುತ್ತಿಗೆ 29 ಇದ್ದದ್ದು 10ಕ್ಕ ಇಳೀತು. ಆರರ ಒಟ್ಟು ಹಿಟ್ ಪಾಯಿಂಟ್ 66 ಇದ್ದದ್ದು, ಮೂರಕ್ಕ ಓಡೂದರಿಂದ 33 ಆತು. ಸ್ಟ್ಯಾಟ್ ಬ್ಲಾಕಿನ, ಅಂದ್ರ ಅಂಕಿ ಪಟ್ಟಿಯ, ಒಂದು ಅಂಕಿಯನ್ನೂ ಮುಟ್ಟಲಿಲ್ಲ, ಸ್ವಭಾವದ ಮೂರು ಸಾಲು ಕೂಡಿಸಿದ್ವಿ, ಕಾಳಗದ ತೂಕ ಅರ್ಧ ಆತು. ಕುರುಹು? ಹಿಂದಿನ ರಾತ್ರಿ ದೊಡ್ಡಿಯೊಳಗ ಒಂದ ಒಂದು ಮರಿ ಮಾಯ, ನಾಯಿಗೆ ಗಾಯಿಲ್ಲ, ಎಳಕೊಂಡು ಹೋದ ಗೆರಿ ಮಾತ್ರ.

ಸಂಘಟಕರು ಚೀಟಿ ಕಳಿಸ್ಯಾರ, ಹತ್ತು ನಿಮಿಷ ಉಳದಾವು. ಉಳದದ್ದು ಲಗೂನ ಹೇಳ್ತೀನಿ. ಒಂಟಿ ರಾಕ್ಷಸನಿಗೆ ಒಂದು ಪಾಳಿ, ಮಂದಿಗೆ ನಾಲ್ಕು. ಹಿಟ್ ಪಾಯಿಂಟ್ ಏರಿಸಿ ಅದನ್ನ ಸರಿ ಮಾಡಾಕ ಬರೂದಿಲ್ಲ, ಬೇರೆಯವರ ಪಾಳಿ ಮುಗಿದ ಮ್ಯಾಲೆ ಅವಗ ಒಂದು ಸಣ್ಣ ಕೆಲಸ ಕೊಡ್ರಿ. ಆರ್ಮರ್ ಕ್ಲಾಸ್ ಒಂದು ಏರಿಸಿದ್ರ ನೂರಕ್ಕ 5 ಏಟು ಕಮ್ಮಿ, ಅದಕ್ಕ ಹುಡುಗಾಟಕ್ಕ ಏರಿಸಬ್ಯಾಡ್ರಿ. ಆಟಗಾರನ ಪಾತ್ರದ ಮೈ ಮರಗಟ್ಟಿಸೂ ನಿಯಮದಿಂದ ಅವನ ಪಾಳಿ ಕಳೀತೈತಿ, ಕೂತ ಆಟಗಾರಗ ಬ್ಯಾಸರಾಗ್ತೈತಿ. ಒಂದು ಸುತ್ತಿಗಿಂತ ಹೆಚ್ಚು ಇಡಬ್ಯಾಡ್ರಿ. ಹೊಸಾ ರಾಕ್ಷಸನನ್ನ ಮನ್ಯಾಗ ಒಬ್ಬರ ಕೂತು ಮೂರು ಸುತ್ತು ಆಡಿ ನೋಡ್ರಿ, ಮೂರನೇ ಸುತ್ತಿನ ಕೊನಿಗೆ ಅರ್ಧಕ್ಕಿಂತ ಹೆಚ್ಚು ಹಿಟ್ ಪಾಯಿಂಟ್ ಉಳದಿದ್ರ ಇಳಿಸ್ರಿ.

ಕೊನಿಗೆ ಆ ಬಾವಿಯ ಭೂತ, ಅದನ್ನ ಹಂಗ ಬಿಟ್ಟು ಹೋಗಾಕ ಮನಸಿಲ್ಲ. ಆರ್ಮರ್ ಕ್ಲಾಸ್ 13, ಹಿಟ್ ಪಾಯಿಂಟ್ 90. ಎರಡೂವರಿ ಪುಟದಾಗ ಮೂರು ಮಾತು ಇಟ್ಟುಕೊಳ್ಳೂಣು: ಕಣ್ಣೀರು, ಉಪ್ಪು, ಬಂಗಾರ. ಸುತ್ತಿಗೊಂದು ಮೆಟ್ಟಿಲ ನೀರು ಏರತೈತಿ, ಅದು ಕಣ್ಣೀರು. ನೀರಾಗ ನಿಂತವರಿಗೆ ಪಾಳಿಗೆ 3 ಡ್ಯಾಮೇಜ್, ಗಾಯಕ್ಕ ಉಪ್ಪು ಹತ್ತಿದ ಉರಿ. ಕದ್ದ ನಾಣ್ಯ ಒಂದು ವಾಪಸ್ ಒಗದ್ರ ಒಂದು ಮೆಟ್ಟಿಲ ಇಳೀತೈತಿ. ಕುರುಹು: ಕಲ್ಲಿನ ಮ್ಯಾಲೆ ಏಳನೇ ಮೆಟ್ಟಿಲ ತನಕ ಬಿಳಿ ಉಪ್ಪಿನ ಗೆರಿ, ತಳದಾಗ ಹೊಳಿಯೂ ಒಂದ ಒಂದು ನಾಣ್ಯ. ಬರದವರು ಇಲ್ಲೇ ಕೂತಾರ, ಮುಂದ ಬರ್ರಿ, ಹಾಳಿ ನಿಮ್ಮದು, ನೀವ ನಡಸ್ರಿ. ಮುಂದಿನ ಸಾಲಿನ ನಾಲ್ಕು ಮಂದಿ ದಾಳ ತಗೀರಿ. ನೀರು ಒಂದನೇ ಮೆಟ್ಟಿಲದಾಗ ಐತಿ.