ಜಾಮೀನು ಸಿಕ್ಕಿದೆ, ಬಿಡುಗಡೆ ಆಗಿಲ್ಲ

ಕೇಳುಗರೆಲ್ಲರಿಗೂ ನಮಸ್ಕಾರ.

ಜೈಲು ಸುಧಾರಣೆ ಅಂದ ತಕ್ಷಣ ನಮಗೆ ಸುದ್ದಿಯಲ್ಲಿ ಬಂದ ಸಂಗತಿಗಳೇ ನೆನಪಾಗುತ್ತವೆ. ಒಳಗೆ ಮೊಬೈಲ್ ಸಿಕ್ಕಿತಂತೆ, ದುಡ್ಡಿದ್ದವನಿಗೆ ಬೇರೆ ಹಾಸಿಗೆಯಂತೆ, ಜಾಮರ್ ಕೆಟ್ಟು ಕೂತಿತ್ತಂತೆ. ಅದನ್ನೆಲ್ಲ ಕೇಳಲೇಬೇಕು, ಸರಿ. ಆದರೆ ಅದಕ್ಕೂ ಮುಂಚೆ ಕೇಳಬೇಕಾದದ್ದು ಒಂದಿದೆ. ಜೈಲಿನಲ್ಲಿ ಇರುವವರು ಯಾರು?

ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋ ಇದರ ಲೆಕ್ಕ ಇಡುತ್ತದೆ. 2022ರ ಡಿಸೆಂಬರ್ 31ಕ್ಕೆ ದೇಶದ ಜೈಲುಗಳಲ್ಲಿ 5,73,220 ಜನ ಇದ್ದರು. ಜಾಗ ಇದ್ದದ್ದು 4,36,266 ಜನಕ್ಕೆ. ಒಳಗಿದ್ದವರಲ್ಲಿ 4,34,302 ಮಂದಿ ವಿಚಾರಣಾಧೀನ ಕೈದಿಗಳು. ಅವರ ಮೇಲೆ ಕೇಸಿದೆ, ತೀರ್ಪು ಬಂದಿಲ್ಲ. ಈ ಅಂಕಿಗಳನ್ನು ಅಕ್ಕಪಕ್ಕ ಇಟ್ಟು ನೋಡಿ. ಶಿಕ್ಷೆಯಾದವರನ್ನೆಲ್ಲ ಮನೆಗೆ ಕಳಿಸಿಬಿಟ್ಟರೂ, ತೀರ್ಪು ಬರದವರಿಂದಲೇ ನಮ್ಮ ಜೈಲುಗಳು ಭರ್ತಿ. ಹೊಸ ಜೈಲಿಗೆ ಟೆಂಡರ್ ಕರೆಯುವ ಮುಂಚೆ ಈ ಲೆಕ್ಕವನ್ನು ಒಮ್ಮೆ ನೋಡಿದರೆ ಒಳ್ಳೆಯದು.

ಇವರಲ್ಲಿ ಕೊಲೆ, ಅತ್ಯಾಚಾರದಂಥ ಆರೋಪ ಹೊತ್ತವರಿದ್ದಾರೆ. ಹೊರಗೆ ಬಿಟ್ಟರೆ ಸಾಕ್ಷಿಗಳನ್ನು ಹೆದರಿಸುತ್ತಾರೆ ಎಂದು ಕೋರ್ಟು ಜಾಮೀನು ನಿರಾಕರಿಸಿದವರಿದ್ದಾರೆ. ಅವರ ವಿಷಯ ಬೇರೆ. ನಾನು ಇವತ್ತು ಮಾತಾಡುವುದು ಇನ್ನೊಂದು ಗುಂಪಿನ ಬಗ್ಗೆ. ಕೋರ್ಟು ಇವರಿಗೆ ಜಾಮೀನು ಕೊಟ್ಟಿದೆ. ಆದೇಶಕ್ಕೆ ಸಹಿಯೂ ಆಗಿದೆ. ಆದರೂ ಇವರು ಒಳಗೇ ಇದ್ದಾರೆ.

ಅದು ಹೇಗೆ? ಕೋರ್ಟಿನ ಕಡೆ ಹೋಗದವರಿಗೆ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಜಾಮೀನಿನ ಆದೇಶದಲ್ಲಿ ಸಾಮಾನ್ಯವಾಗಿ ಒಂದು ಸಾಲು ಇರುತ್ತದೆ. ಇಷ್ಟು ಸಾವಿರ ರೂಪಾಯಿಯ ಬಾಂಡು, ಅಂದರೆ ಕರೆದಾಗ ಕೋರ್ಟಿಗೆ ಬರುತ್ತೇನೆ, ತಪ್ಪಿದರೆ ಇಷ್ಟು ಕಟ್ಟುತ್ತೇನೆ ಅನ್ನುವ ಮುಚ್ಚಳಿಕೆ. ಜೊತೆಗೆ ಅಷ್ಟೇ ಮೊತ್ತಕ್ಕೆ ಒಬ್ಬರೋ ಇಬ್ಬರೋ ಜಾಮೀನುದಾರರು. ಈ ಜಾಮೀನುದಾರ, ಅಂದರೆ ಶ್ಯೂರಿಟಿ, ಸುಮ್ನೆ ಬಂದು ಸಹಿ ಹಾಕಿ ಹೋಗುವ ಹಾಗಿಲ್ಲ. ಪಹಣಿ ಬೇಕು, ಇಲ್ಲವೇ ಮನೆಯ ಕಂದಾಯದ ರಸೀದಿ ಬೇಕು. ಆಧಾರ್ ಬೇಕು, ಫೋಟೋ ಬೇಕು. ಜಡ್ಜ್ ಎದುರು ನಿಂತು, ಆರೋಪಿ ತನಗೆ ಹೇಗೆ ಪರಿಚಯ ಅಂತ ಹೇಳಬೇಕು. ಬೇರೆ ಯಾರಿಗಾದರೂ ಜಾಮೀನು ನಿಂತಿದ್ದೀಯಾ ಅಂತ ಕೇಳಿದರೆ ಉತ್ತರ ಕೊಡಬೇಕು. ನಾಳೆ ಆರೋಪಿ ವಾಯಿದೆಗೆ ಬರದೆ ಹೋದರೆ ಆ ದುಡ್ಡು ಇವನ ತಲೆಗೆ.

ಈಗ ಹೇಳಿ, ಊರು ಬಿಟ್ಟು ಕೂಲಿಗೆ ಬಂದವನಿಗೆ ಯಾರು ಜಾಮೀನು ನಿಲ್ಲುತ್ತಾರೆ? ಶೆಡ್ಡಿನಲ್ಲಿ ಅವನ ಜೊತೆ ಇರುವವರ ಹೆಸರಲ್ಲೂ ಪಹಣಿ ಇಲ್ಲ. ಮೇಸ್ತ್ರಿ ಫೋನ್ ಎತ್ತುವುದಿಲ್ಲ. ಊರಿನಲ್ಲಿ ಅಣ್ಣನಿಗೆ ಜಮೀನಿದ್ದರೂ ಅದು ಬೇರೆ ಜಿಲ್ಲೆಯಲ್ಲಿ, ಇಲ್ಲವೇ ಬೇರೆ ರಾಜ್ಯದಲ್ಲಿ. ಇಂಥ ಕಡೆ ಬಾಡಿಗೆ ಜಾಮೀನುದಾರರು ಹುಟ್ಟಿಕೊಳ್ಳುತ್ತಾರೆ. ದುಡ್ಡು ಕೊಟ್ಟರೆ ಪರಿಚಯವೇ ಇಲ್ಲದ ಮನುಷ್ಯ ನಿಮ್ಮ ಚಿಕ್ಕಪ್ಪನಾಗಿ ಬಂದು ನಿಲ್ಲುತ್ತಾನೆ. ನಕಲಿ ಪಹಣಿ ಸಿಕ್ಕಿಬಿದ್ದಾಗ ಕೋರ್ಟು ಇನ್ನಷ್ಟು ಬಿಗಿಯಾಗುತ್ತದೆ, ಇನ್ನೊಂದು ಕಾಗದ ಕೇಳುತ್ತದೆ. ಪೆಟ್ಟು ಬೀಳುವುದು ಮತ್ತೆ ನಿಜವಾದ ಅಣ್ಣನನ್ನು ಕರೆತಂದವನಿಗೇ.

ಇದು ಹೊಸ ರೋಗವೇನಲ್ಲ. 1978ರಲ್ಲಿ ಸುಪ್ರೀಂ ಕೋರ್ಟಿಗೆ ಮೋತಿ ರಾಮ್ ಅನ್ನುವವರ ಪ್ರಕರಣ ಬಂತು. ಮಧ್ಯಪ್ರದೇಶದ ಬಡ ಗಾರೆ ಕೆಲಸದವರು. ಅವರಿಗೆ ಜಾಮೀನು ಕೊಟ್ಟದ್ದು ಸ್ವತಃ ಸುಪ್ರೀಂ ಕೋರ್ಟು. ಕೆಳಗಿನ ಮ್ಯಾಜಿಸ್ಟ್ರೇಟರು 10,000 ರೂಪಾಯಿಯ ಶ್ಯೂರಿಟಿ ಕೇಳಿದರು. ಆ ಕಾಲದ ಹತ್ತು ಸಾವಿರ! ಅಣ್ಣತಮ್ಮನ ಆಸ್ತಿ ತೋರಿಸಿದರೆ, ಅದು ಬೇರೆ ಜಿಲ್ಲೆಯಲ್ಲಿದೆ, ಆಗುವುದಿಲ್ಲ ಎಂದರು. ದೇಶದ ಅತಿ ದೊಡ್ಡ ಕೋರ್ಟಿನ ಆದೇಶ ಕೈಯಲ್ಲಿದ್ದರೂ ಮನುಷ್ಯ ಹೊರಗೆ ಬರಲಿಲ್ಲ.

ಪ್ರಕರಣ ಮತ್ತೆ ಮೇಲೆ ಹೋಯಿತು. ನ್ಯಾಯಮೂರ್ತಿ ಕೃಷ್ಣ ಅಯ್ಯರ್ ಕೋಪದಲ್ಲೇ ಬರೆದರು ಅನಿಸುತ್ತದೆ ಆ ತೀರ್ಪನ್ನು. ಒಬ್ಬ ಕನ್ನಡಿಗನೋ ಮಲಯಾಳಿಯೋ ಬಸ್ತಾರಿನಲ್ಲಿ, ಪೋರ್ಟ್ ಬ್ಲೇರಿನಲ್ಲಿ, ಚಾಂದನಿ ಚೌಕದಲ್ಲಿ ಬಂಧನವಾದರೆ ಆ ಜಿಲ್ಲೆಯ ಜಾಮೀನುದಾರನನ್ನು ಎಲ್ಲಿಂದ ತರುತ್ತಾನೆ ಎಂದು ಅದರಲ್ಲಿ ಕೇಳಿದ್ದಾರೆ. ಕೊನೆಗೆ ಮೋತಿ ರಾಮ್ ಅವರನ್ನು 1,000 ರೂಪಾಯಿಯ ಸ್ವಂತ ಬಾಂಡಿನ ಮೇಲೆ, ಅಂದರೆ ಜಾಮೀನುದಾರರಿಲ್ಲದೆ, ಬಿಡಿ ಎಂದು ಆದೇಶವಾಯಿತು. ಅದಾಗಿ ನಾಲ್ಕು ದಶಕ ದಾಟಿವೆ. 2023ರ ಜನವರಿಯಲ್ಲೂ ಸುಪ್ರೀಂ ಕೋರ್ಟು ಅದನ್ನೇ ಮತ್ತೆ ಹೇಳಬೇಕಾಯಿತು: ಸ್ಥಳೀಯ ಶ್ಯೂರಿಟಿಯೇ ಬೇಕು ಅನ್ನುವ ಹಟದಿಂದ ಬಿಡುಗಡೆ ತಡವಾಗುತ್ತಿದೆ, ಅಂಥ ಷರತ್ತು ಹಾಕದಿರಬಹುದು.

ಕಾನೂನಿನ ಪುಸ್ತಕ ನೋಡಿದರೆ ಇನ್ನೂ ಸೋಜಿಗ. ಜಾಮೀನು ಕೊಡಲೇಬೇಕಾದ ಸಣ್ಣ ಅಪರಾಧಗಳಿವೆಯಲ್ಲ, ಅವುಗಳಲ್ಲಿ ಆರೋಪಿ ಬಡವನಾಗಿದ್ದು ಶ್ಯೂರಿಟಿ ಕೊಡಲಾಗದಿದ್ದರೆ ಸ್ವಂತ ಬಾಂಡಿನ ಮೇಲೆ ಬಿಡಬೇಕು. ಬಡವ ಅಂತ ಗೊತ್ತಾಗುವುದು ಹೇಗೆ? ಅದಕ್ಕೆ ಆದಾಯ ಪ್ರಮಾಣಪತ್ರ ಬೇಡ. ಬಂಧನವಾಗಿ ಒಂದು ವಾರದೊಳಗೆ ಶ್ಯೂರಿಟಿ ತರಲಾಗದಿದ್ದರೆ, ಅವನು ಬಡವ ಎಂದೇ ಕೋರ್ಟು ತಿಳಿಯಬೇಕು. ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ 2005ರ ತಿದ್ದುಪಡಿಯಲ್ಲಿ ಬಂದ ಮಾತಿದು. ಅದರ ಜಾಗಕ್ಕೆ ಬಂದ ಈಗಿನ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 478ನೇ ಸೆಕ್ಷನ್‌ನಲ್ಲೂ ಉಳಿದಿದೆ. ದೊಡ್ಡ ಅಪರಾಧಗಳಿಗೆ ಇದು ಅನ್ವಯಿಸುವುದಿಲ್ಲ, ನಿಜ. ಆದರೆ ಬಡತನವನ್ನು ಇಷ್ಟು ಸಲೀಸಾಗಿ ಒಪ್ಪಿಕೊಂಡ ಕಾನೂನು ನಮ್ಮಲ್ಲಿ ಇನ್ನೊಂದು ಇದೆಯೋ ಇಲ್ಲವೋ!

ಹಾಗೆ ಬಿಟ್ಟರೆ ಓಡಿಹೋಗುವುದಿಲ್ಲವೇ? ನ್ಯಾಯವಾದ ಪ್ರಶ್ನೆ. 1961ರಲ್ಲಿ ನ್ಯೂಯಾರ್ಕಿನ ಮ್ಯಾನ್‌ಹಟನ್‌ನಲ್ಲಿ ಇದನ್ನೇ ಪರೀಕ್ಷೆ ಮಾಡಿ ನೋಡಿದರು. ಕಾನೂನು ವಿದ್ಯಾರ್ಥಿಗಳು ಆರೋಪಿಯ ಹತ್ತಿರ ಹೋಗಿ ಮಾತಾಡಿಸುತ್ತಿದ್ದರು. ಒಂದೇ ವಿಳಾಸದಲ್ಲಿ ಎಷ್ಟು ದಿನದಿಂದ ಇದ್ದೀಯಾ, ಮನೆಯಲ್ಲಿ ಯಾರಿದ್ದಾರೆ, ಏನು ಕೆಲಸ. ಬೇರು ಗಟ್ಟಿಯಿದೆ ಅನಿಸಿದರೆ, ಹಣ ಕಟ್ಟಿಸಿಕೊಳ್ಳದೆ ಬಿಡಿ ಅಂತ ಕೋರ್ಟಿಗೆ ಶಿಫಾರಸು ಮಾಡುತ್ತಿದ್ದರು. ಹಾಗೆ ಹೊರಗೆ ಹೋದವರಲ್ಲಿ ತಲೆತಪ್ಪಿಸಿಕೊಂಡವರು ತೀರಾ ಕಡಿಮೆ. ನನಗೂ ಇದು ಸರಿ ಅನಿಸುತ್ತದೆ. ಹೆಂಡತಿ ಮಕ್ಕಳು ಇರುವ ಜಾಗ ಬಿಟ್ಟು ಕೂಲಿಯವನು ಎಲ್ಲಿಗೆ ಓಡುತ್ತಾನೆ? ವಿದೇಶಕ್ಕೆ ಹಾರಿದವರ ಪಟ್ಟಿ ಮಾಡಿ ನೋಡಿ, ಅದರಲ್ಲಿ ಗಾರೆ ಕೆಲಸದವರು ಇರುವುದಿಲ್ಲ.

ಶ್ಯೂರಿಟಿ ಹೊಂದಿಸಿದರೂ ಮುಂದಿನ ಅಡ್ಡಿ ಕಾಗದದ್ದು. ಬಿಡುಗಡೆ ಆದೇಶ ಕೋರ್ಟಿನಿಂದ ಜೈಲಿಗೆ ತಲುಪಬೇಕು. ಮುಂಬೈನ ಆರ್ಥರ್ ರೋಡ್ ಜೈಲಿನ ಹೊರಗೆ ಇದಕ್ಕಂತಲೇ ಒಂದು ಪೆಟ್ಟಿಗೆ ಇದೆ. ಆದೇಶದ ಪ್ರತಿಯನ್ನು ಸಂಜೆಯ ಗಡುವಿನೊಳಗೆ ಅದಕ್ಕೆ ಹಾಕಬೇಕು. ತಪ್ಪಿದರೆ ಆ ರಾತ್ರಿಯೂ ಒಳಗೇ. 2021ರಲ್ಲಿ ಆಗ್ರಾದ ಕೈದಿಗಳಿಗೆ ಸುಪ್ರೀಂ ಕೋರ್ಟೇ ಜಾಮೀನು ಕೊಟ್ಟರೂ ಜೈಲಿನವರು ಬಿಡಲಿಲ್ಲ, ದೃಢೀಕೃತ ಪ್ರತಿ ಅಂಚೆಯಲ್ಲಿ ಬಂದಿಲ್ಲ ಅಂತ. ಆದೇಶ ತರಲು ನಾವಿನ್ನೂ ಆಕಾಶ ನೋಡಿಕೊಂಡು ಪಾರಿವಾಳಕ್ಕೆ ಕಾಯುತ್ತಿದ್ದೇವೆ ಎಂದು ಆಗಿನ ಮುಖ್ಯ ನ್ಯಾಯಮೂರ್ತಿ ರಮಣ ಅವರು ಬೇಸರಪಟ್ಟರು. ಅಲ್ಲಿಂದ ಸ್ವಲ್ಪ ಬದಲಾಗಿದೆ. ಸುಪ್ರೀಂ ಕೋರ್ಟಿನ 2023ರ ನಿರ್ದೇಶನದ ಪ್ರಕಾರ ಜಾಮೀನು ಆದ ದಿನವೇ, ತಪ್ಪಿದರೆ ಮಾರನೇ ದಿನ, ಆದೇಶ ಇಮೇಲ್‌ನಲ್ಲಿ ಜೈಲಿಗೆ ಹೋಗಬೇಕು. ಏಳು ದಿನದಲ್ಲಿ ಕೈದಿ ಹೊರಬರದಿದ್ದರೆ ಜೈಲಿನ ಸೂಪರಿಂಟೆಂಡೆಂಟ್, ಉಚಿತ ಕಾನೂನು ನೆರವು ಕೊಡುವ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ತಿಳಿಸಬೇಕು. ಒಂದು ತಿಂಗಳಾದರೂ ಬಾಂಡು ಕೊಡಲಾಗದಿದ್ದರೆ, ಯಾರೂ ಅರ್ಜಿ ಹಾಕದೆಯೇ ಕೋರ್ಟು ಷರತ್ತು ಸಡಿಲಿಸುವ ಬಗ್ಗೆ ಯೋಚಿಸಬಹುದು.

ಇನ್ನು ಒಳಗೆ ಕಳೆದ ಕಾಲದ ಮಾತು. 1979ರಲ್ಲಿ ಬಿಹಾರದ ಜೈಲುಗಳ ಸ್ಥಿತಿ ಪತ್ರಿಕೆಯಲ್ಲಿ ಬಂತು. ವಕೀಲೆ ಕಪಿಲಾ ಹಿಂಗೋರಾಣಿ ಅದನ್ನು ಸುಪ್ರೀಂ ಕೋರ್ಟಿಗೆ ಒಯ್ದರು. ಅದೇ ಹುಸೇನಾರಾ ಖಾತೂನ್ ಪ್ರಕರಣ. ಆರೋಪ ಸಾಬೀತಾಗಿದ್ದರೆ ಎಷ್ಟು ಶಿಕ್ಷೆಯಾಗುತ್ತಿತ್ತೋ ಅದಕ್ಕಿಂತ ಜಾಸ್ತಿ ಕಾಲ ವಿಚಾರಣೆಯಿಲ್ಲದೆ ಕೊಳೆತವರು ಅಲ್ಲಿ ಸಿಕ್ಕರು. ಈಗ 2024ರ ಜುಲೈ 1ರಿಂದ ಜಾರಿಯಲ್ಲಿರುವ ಸಂಹಿತೆಯ 479ನೇ ಸೆಕ್ಷನ್ ಪ್ರಕಾರ, ಗರಿಷ್ಠ ಶಿಕ್ಷೆಯ ಅರ್ಧ ಕಾಲ ಒಳಗೆ ಕಳೆದವರಿಗೆ ಜಾಮೀನು ಸಿಗಬೇಕು. ಹಿಂದೆ ಯಾವ ಶಿಕ್ಷೆಯೂ ಆಗಿರದಿದ್ದರೆ ಮೂರನೇ ಒಂದು ಭಾಗ ಸಾಕು, ಅದೂ ಶ್ಯೂರಿಟಿ ಬೇಡದ ಸ್ವಂತ ಬಾಂಡಿನ ಮೇಲೆ. ಮರಣದಂಡನೆ, ಜೀವಾವಧಿ ಶಿಕ್ಷೆಯ ಅಪರಾಧಗಳಿಗೆ ಇದಿಲ್ಲ. ಹಳೆಯ ಕೇಸಿನವರಿಗೂ ಇದು ಸಲ್ಲುತ್ತದೆ ಎಂದು ಸುಪ್ರೀಂ ಕೋರ್ಟು ಆಗಸ್ಟ್‌ನಲ್ಲೇ ಹೇಳಿತು. ಅರ್ಜಿ ಹಾಕುವ ಹೊಣೆ ಜೈಲಿನ ಸೂಪರಿಂಟೆಂಡೆಂಟ್ ಮೇಲಿದೆ.

ಇದರಲ್ಲೊಂದು ಮುಳ್ಳು ಉಳಿದಿದೆ. ಒಂದಕ್ಕಿಂತ ಹೆಚ್ಚು ಅಪರಾಧ ಅಥವಾ ಕೇಸು ಬಾಕಿಯಿದ್ದರೆ ಈ ಅನುಕೂಲ ಇಲ್ಲ. ನಮ್ಮಲ್ಲಿ ಒಂದು ಎಫ್‌ಐಆರ್‌ಗೆ ನಾಲ್ಕಾರು ಸೆಕ್ಷನ್ ಜಡಿಯುವುದು ಮಾಮೂಲಿ. ಆ ಮಾತನ್ನು ಅಕ್ಷರಶಃ ಹಿಡಿದರೆ ಈ ಅನುಕೂಲ ಸಿಗುವವರು ಎಷ್ಟು ಜನ ಉಳಿಯುತ್ತಾರೆ? ತಿದ್ದಬೇಕಾದ ಸಾಲು ಅದು.

ಪೊಲೀಸರ ವಿಷಯದಲ್ಲಿ ಒಂದೇ ಮಾತು. ಏಳು ವರ್ಷದವರೆಗಿನ ಶಿಕ್ಷೆಯ ಅಪರಾಧದಲ್ಲಿ ಸುಮ್ನೆ ಹಿಡಿದು ಒಳಗೆ ಹಾಕುವ ಹಾಗಿಲ್ಲ, ಕಾರಣ ಬರೆಯಬೇಕು, ಬಂಧನ ಬೇಡವಾದರೆ ನೋಟಿಸ್ ಕೊಟ್ಟು ಕರೆಯಬೇಕು. 2014ರ ಅರ್ನೇಶ್ ಕುಮಾರ್ ತೀರ್ಪು ಇದನ್ನು ಬಿಡಿಸಿ ಹೇಳಿದೆ. ಸ್ಟೇಷನ್ನಿನಲ್ಲಿ ಅದು ನಡೆದರೆ ಜಾಮೀನಿನ ಅರ್ಧ ಗೋಳು ಅಲ್ಲೇ ಮುಗಿಯುತ್ತದೆ.

ಮನೆ ಕಳ್ಳತನವಾಗಿ ಒಡವೆ ಕಳೆದುಕೊಂಡವರಿಗೆ ಇದೆಲ್ಲ ಕೇಳಿ ಸಿಟ್ಟು ಬರಬಹುದು. ನಮ್ಮ ಕಥೆ ಏನು ಸ್ವಾಮಿ ಅಂತ. ಅವರಿಗೆ ಬೇಕಾದದ್ದು ಬೇಗ ತೀರ್ಪು, ಕಳೆದ ಒಡವೆ. ಆರೋಪಿ ಒಳಗೆ ಕೂತಷ್ಟು ದಿನ ಕೇಸು ಮುಂದೆ ಸರಿಯುತ್ತದೆ ಅನ್ನುವ ಹಾಗಿದ್ದರೆ ಬೇರೆ ಮಾತಿತ್ತು. ಆದರೆ ಜೈಲಿನಿಂದ ಕೋರ್ಟಿಗೆ ಕರೆತರಲು ಎಸ್ಕಾರ್ಟ್ ಪೊಲೀಸರು ಇಲ್ಲ ಅಂತಲೇ ವಾಯಿದೆ ಮುಂದೆ ಹೋಗುವುದುಂಟು.

ನಿಮ್ಮವರೋ ಪರಿಚಯದವರೋ ಈ ಸ್ಥಿತಿಯಲ್ಲಿದ್ದರೆ ಒಂದಿಷ್ಟು ಮಾಹಿತಿ. ಬಂಧನದಲ್ಲಿರುವ ಯಾರಿಗೇ ಆದರೂ, ಆದಾಯ ಎಷ್ಟೇ ಇರಲಿ, ಉಚಿತ ಕಾನೂನು ನೆರವು ಸಿಗುತ್ತದೆ. ತಾಲ್ಲೂಕು ಕೋರ್ಟಿನಲ್ಲಿ ಕಾನೂನು ಸೇವಾ ಸಮಿತಿ ಇರುತ್ತದೆ. ಸಹಾಯವಾಣಿ 15100. ಬಡ ವಿಚಾರಣಾಧೀನ ಕೈದಿಯ ಜಾಮೀನಿಗೆ ಕೇಂದ್ರದ ಯೋಜನೆಯೊಂದರಲ್ಲಿ ಹಣದ ನೆರವಿದೆ, ಜಿಲ್ಲಾ ಮಟ್ಟದ ಸಮಿತಿ ಅದನ್ನು ನಿರ್ಧರಿಸುತ್ತದೆ. ಜಾಮೀನಿನ ಆದೇಶ ಆಗಿ ತಿಂಗಳು ಕಳೆದಿದ್ದರೆ ಆದೇಶದ ಪ್ರತಿ ಹಿಡಿದುಕೊಂಡೇ ಹೋಗಿ. ಶ್ಯೂರಿಟಿ ಸಿಗುತ್ತಿಲ್ಲ, ಷರತ್ತು ಸಡಿಲಿಸಲು ಅರ್ಜಿ ಹಾಕಿಕೊಡಿ ಎಂದು ಅಲ್ಲಿನ ವಕೀಲರನ್ನು ಕೇಳಿ. ಅದಕ್ಕೆ ಫೀಸು ಕೊಡಬೇಕಾಗಿಲ್ಲ.

ನಮಸ್ಕಾರ.