ಬುಗ್ಗೆಯ ನೀರು ಬೇಲಿಯ ಆಚೆಯಿಂದ ಬರುತ್ತದೆ

ಎಲ್ಲರಿಗೂ ನಮಸ್ಕಾರ. ಊಟಕ್ಕೆ ಮುಂಚೆ ಕಾಲು ಗಂಟೆ ಮಾತಾಡಿ ಅಂದಿದ್ದಾರೆ. ಬಿಸಿಬೇಳೆಬಾತಿನ ಘಮ ಆಗಲೇ ಬರುತ್ತಿದೆ. ಸ್ವಲ್ಪ ತಡೆದುಕೊಳ್ಳಿ, ಮಕ್ಕಳಿಗೆ ಬೇಕಾದರೆ ಈಗಲೇ ಬಡಿಸಲಿ.

ನಮ್ಮ ಫ್ಲಾರಿಡಾದ ಡನೆಲ್ಲನ್ ಊರಿನ ರೇನ್‌ಬೋ ಸ್ಪ್ರಿಂಗ್ಸ್, ನೆಲದಿಂದ ನೀರು ಉಕ್ಕುವ ಬುಗ್ಗೆಯ ಪಾರ್ಕ್, ನಿಮಗೆಲ್ಲ ಗೊತ್ತು. ನಮ್ಮ ಬೇಸಿಗೆ ಪಿಕ್ನಿಕ್ ಅಲ್ಲೇ ಅಲ್ವಾ? ವರ್ಷವಿಡೀ 72 ಡಿಗ್ರಿ ಫ್ಯಾರನ್‌ಹೀಟ್ ನೀರು, ತಳದ ಮರಳು ಕುದಿಯುವ ಹಾಗೆ ಏಳುವುದು ಕಾಣುತ್ತದೆ. ಅಲ್ಲಿನ ಜಲಪಾತದ ಮುಂದೆ ಫೋಟೊ ತೆಗೆಸಿಕೊಳ್ಳುತ್ತೀರಲ್ಲ, ಅದು ದೇವರು ಮಾಡಿದ್ದಲ್ಲ. ಫಾಸ್ಫೇಟ್ ಗಣಿಯವರು ಅಗೆದು ಸುರಿದ ಮಣ್ಣಿನ ದಿಬ್ಬದ ಮೇಲೆ ಜನ ಕಟ್ಟಿದ್ದು. 1930ರ ದಶಕದಲ್ಲಿ ಅದು ಖಾಸಗಿ ಪ್ರವಾಸಿ ತಾಣವಾಯಿತು. ಆಮೇಲೆ ಐ-75 ಹೆದ್ದಾರಿ ಬಂತು, ಕಾರುಗಳೆಲ್ಲ ಆ ಕಡೆ ಹೊರಳಿದವು. 1974ರಲ್ಲಿ ಗೇಟಿಗೆ ಬೀಗ ಬಿತ್ತು.

1990ರಲ್ಲಿ ಸರ್ಕಾರ ಆ ಜಾಗ ಕೊಂಡುಕೊಂಡಿತು. ಕೊಂಡರೆ ಆಯಿತೇ? ಅಷ್ಟರಲ್ಲಿ ಒಳಗೆಲ್ಲ ಪೊದೆ ಬೆಳೆದಿತ್ತು. ಸುತ್ತಲಿನ ಊರಿನವರು ಬಂದು ಬಳ್ಳಿ ಕಡಿದರು, ದಾರಿ ಬಿಡಿಸಿದರು, ಶನಿವಾರ ಭಾನುವಾರ ಪಾರ್ಕ್ ತೆರೆದಿರುವ ಹಾಗೆ ನೋಡಿಕೊಂಡರು. ವಾರವಿಡೀ ತೆರೆದದ್ದು 1995ರ ಮಾರ್ಚ್‌ನಲ್ಲಿ. ಇವತ್ತು ನಾವು ಆ ನೀರಿಗೆ ಇಳಿಯುತ್ತಿದ್ದರೆ ಅದು ಆ ಜನರ ಬೆವರಿನಿಂದ.

ನಾನು ಮೊದಲ ಸಲ ಅಲ್ಲಿ ಸ್ವಯಂಸೇವಕನಾಗಿ ಕಳೆ ತೆಗೆಯಲು ಹೋಗಿದ್ದು ಒಂದು ಜನವರಿಯಲ್ಲಿ. ಏರ್ ಪೊಟ್ಯಾಟೊ ಅಂತ ಒಂದು ಬಳ್ಳಿ ಇದೆ. ನಮ್ಮ ಮಲೆನಾಡಿನ ಕಾಡುಗೆಣಸಿನ ಬಳಗದ್ದೇ. ನೋಡಿದ ಕೂಡಲೇ ತವರಿನವರು ಸಿಕ್ಕ ಹಾಗಾಯಿತು! ಆದರೆ ಇಲ್ಲಿ ಅದು ಮರಗಳ ನೆತ್ತಿಯವರೆಗೂ ಹಬ್ಬಿ ಬಿಸಿಲೇ ಬೀಳದ ಹಾಗೆ ಮಾಡುತ್ತದೆ. ಎಲೆಯ ಬುಡದಲ್ಲಿ ಗಡ್ಡೆ ಬಿಡುತ್ತದೆ. ಚಳಿಗೆ ಬಳ್ಳಿ ಒಣಗುತ್ತದೆ, ಗಡ್ಡೆ ಉದುರುತ್ತದೆ. ಒಂದೊಂದು ಗಡ್ಡೆಯೂ ಒಂದೊಂದು ಹೊಸ ಬಳ್ಳಿ. ನಾನು ಅರ್ಧ ಗಂಟೆಯಲ್ಲಿ ಒಂದು ಬಕೆಟ್ ತುಂಬಿಸಿ, ಮುಗಿಯಿತು ಅಂತ ಎದ್ದು ನಿಂತೆ. ಪಕ್ಕದಲ್ಲಿ ಒಬ್ಬ ಅಜ್ಜಿ, ಎಂಬತ್ತರ ಹತ್ತಿರ ವಯಸ್ಸು. ಏನೂ ಮಾತಾಡಲಿಲ್ಲ. ನಾನು ಮುಗಿಸಿದ್ದ ಜಾಗದಲ್ಲೇ ಮಂಡಿಯೂರಿ, ಓಕ್ ಎಲೆಗಳನ್ನು ಒಂದೊಂದೇ ಪದರ ಸರಿಸಿದರು. ಕಡಲೆಕಾಳಿನಷ್ಟು ಗಡ್ಡೆಗಳು, ಮಣ್ಣಿನದೇ ಬಣ್ಣ. ಹನ್ನೊಂದು ಸಿಕ್ಕವು. ನನ್ನ ಅಂಗೈಯಲ್ಲಿ ಇಟ್ಟರು. ದೊಡ್ಡದನ್ನು ಯಾರಾದರೂ ಹೆಕ್ಕುತ್ತಾರೆ, ಮುಂದಿನ ವರ್ಷ ಮರ ಹತ್ತುವುದು ಇವು ಅಂದರು. ಅವತ್ತು ಮಧ್ಯಾಹ್ನದವರೆಗೂ ಅವರ ಹಿಂದೆಯೇ ಮಂಡಿಯೂರಿಕೊಂಡು ಹೋದೆ.

ಹೀಗೆ ಪಾರ್ಕಿಗಾಗಿ ದುಡಿಯುವ ಗೆಳೆಯರ ಬಳಗಗಳು ಫ್ಲಾರಿಡಾದ ಎಷ್ಟೋ ಪಾರ್ಕ್‌ಗಳಿಗೆ ಇವೆ. ಕಾನೂನಿನಲ್ಲಿ ಅವಕ್ಕೆ ಸಿಟಿಜನ್ ಸಪೋರ್ಟ್ ಆರ್ಗನೈಸೇಷನ್, ಅಂದರೆ ನಾಗರಿಕರ ಬೆಂಬಲ ಸಂಘ, ಅಂತ ಹೆಸರು. ದುಡ್ಡು ಕೂಡಿಸಿದರೆ ಅದು ಪಾರ್ಕಿಗೇ ಹೋಗಬೇಕು.

ಈಗ ನನ್ನ ಮುಖ್ಯ ಮಾತು. ಕಳೆ ಕಿತ್ತರೆ ದಡ ಉಳಿಯುತ್ತದೆ. ನೀರು? ನೀರು ಬೇಲಿಯ ಆಚೆಯಿಂದ ಬರುತ್ತದೆ. ಇಲ್ಲಿನ ನೆಲದಡಿ ಇರುವುದು ಸುಣ್ಣಕಲ್ಲು, ತೂತು ತೂತು. ನಮ್ಮ ಮನೆ ಮುಂದಿನ ಹುಲ್ಲಿಗೆ ಹಾಕಿದ ಗೊಬ್ಬರ, ಸೆಪ್ಟಿಕ್ ಟ್ಯಾಂಕಿನಿಂದ ಇಳಿದದ್ದು, ಎಲ್ಲ ಮಳೆ ನೀರಿನ ಜೊತೆ ಸೋರಿ ಬುಗ್ಗೆ ಸೇರುತ್ತದೆ. ಹೀಗೆ ಸೇರಿ ಪಾಚಿ ಬೆಳೆಸುವುದು ನೈಟ್ರೇಟ್. ಬುಗ್ಗೆಗಳಲ್ಲಿ ಅದು ಲೀಟರಿಗೆ 0.35 ಮಿಲಿಗ್ರಾಂ ದಾಟಬಾರದು ಅಂತ ರಾಜ್ಯದ ನಿಯಮ. ರೇನ್‌ಬೋದಲ್ಲಿ ಅದರ ಹಲವು ಪಟ್ಟು ಇದೆ. ಪಾಚಿ ಸುಮ್ನೆ ಬರುವುದಿಲ್ಲ. ನಾನೂ ಎಂಟು ವರ್ಷ ಚೀಲಗಟ್ಟಲೆ ಗೊಬ್ಬರ ಹಾಕಿದವನು. ಈಗ ನಿಲ್ಲಿಸಿದ್ದೇನೆ. ಹುಲ್ಲು ಸ್ವಲ್ಪ ಹಳದಿ, ಇರಲಿ.

ವಕುಲ್ಲಾ ಬುಗ್ಗೆಯನ್ನೇ ನೋಡಿ. ರಾಜ್ಯದ ರಾಜಧಾನಿ ಟ್ಯಾಲಹಾಸಿ ನಗರದ ಕೊಳಚೆ ನೀರು ನೆಲಕ್ಕಿಳಿದು ಮೈಲುಗಟ್ಟಲೆ ದೂರದ ಆ ಬುಗ್ಗೆಗೆ ಹೋಗುತ್ತಿತ್ತು. ಬುಗ್ಗೆಯ ಪರವಾಗಿ ನಿಂತವರು ಪಟ್ಟು ಬಿಡಲಿಲ್ಲ. ನಗರ ತನ್ನ ಶುದ್ಧೀಕರಣ ಘಟಕವನ್ನು ಸುಧಾರಿಸಿತು, ನೈಟ್ರೇಟ್ ಇಳಿಯಿತು. ಬೇಲಿಯ ಆಚೆಯ ಕೆಲಸ ಅಂದರೆ ಇದು.

ಅಧ್ಯಕ್ಷರು ಗಡಿಯಾರ ತೋರಿಸುತ್ತಿದ್ದಾರೆ. ಬೋರ್‌ವೆಲ್ ಬಗ್ಗೆ, ಇಚೆಟಕ್ನಿ ನದಿ ಬಗ್ಗೆ ಬರೆದುಕೊಂಡು ಬಂದಿದ್ದೆ. ಊಟದ ಹೊತ್ತಿಗೆ ಕೇಳಿದರೆ ಹೇಳುತ್ತೇನೆ. ಮುಂದಿನ ಜನವರಿಯಲ್ಲಿ ಗಡ್ಡೆ ಹೆಕ್ಕಲು ಬರುವವರು ಈಗ ಕೈ ಎತ್ತಿ. ಒಂದು, ಎರಡು... ಹಿಂದೆ ಕೂತಿರುವ ಅಮ್ಮ, ನೀವೂ ಬರುತ್ತೀರಾ? ಬನ್ನಿ ಬನ್ನಿ. ಗ್ಲೌಸ್ ನಾನು ತರುತ್ತೇನೆ. ಮಂಡಿಗೆ ಹಾಸಿಕೊಳ್ಳಲು ಒಂದು ಹಳೇ ಜಮಖಾನ ಇದ್ದರೆ ನೀವು ತನ್ನಿ.