ಮಾಗಿಯ ಬೆಳಗು, ಆರಡಿ ಹಗ್ಗ

ಎಲ್ಲರಿಗೂ ನಮಸ್ಕಾರ. ಈ ಚಳಿಯಲ್ಲಿ ಶಾಲು ಹೊದ್ದುಕೊಂಡು ಬಂದು ಕೂತಿದ್ದೀರಿ, ಅದಕ್ಕೇ ಮೊದಲು ಕೈ ಮುಗಿಯುತ್ತೇನೆ. ನನ್ನನ್ನು ಕರೆಯಲು ಬಂದವರು "ಮೇಡಂ, ಚಳಿಗಾಲದ ಪ್ರಾಣಿ ಪಕ್ಷಿ ಬಗ್ಗೆ ಒಂದರ್ಧ ಗಂಟೆ ಮಾತಾಡಿ" ಅಂದಾಗ ನನಗೆ ಗಾಬರಿಯಾಯಿತು. ನಾನು ಓದಿದ್ದು ಬಿಕಾಂ, ದುಡಿದಿದ್ದು ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ. "ನನಗೆ ಗೊತ್ತಿರೋದೆಲ್ಲ ನಮ್ಮನೆ ನಾಯಿ ತೋರಿಸಿದ್ದು ಕಣ್ರೀ" ಅಂದೆ. "ಹಾಗಾದ್ರೆ ಅದನ್ನೇ ಹೇಳಿ" ಅಂದರು. ಹಾಗಾಗಿ ಇವತ್ತಿನ ಮಾತಿನ ಅರ್ಧ ಪಾಲು ಕೆಂಚನದು.

ಕೆಂಚ ನಾಟಿ ನಾಯಿ. ಮೈಬಣ್ಣ ನಮ್ಮ ಚಿತ್ರದುರ್ಗದ ಕಲ್ಲಿನದು, ಬೆಳಗಿನ ಬಿಸಿಲು ಬಿದ್ದಾಗ ಕೋಟೆಯ ಬಂಡೆ ಕಾಣುತ್ತದಲ್ಲ, ಅದು. ನಿವೃತ್ತಿಯಾದ ವರ್ಷ ನನಗೆ ಶುಗರ್ ಬಂತು. ಡಾಕ್ಟರು ದಿನಾ 40 ನಿಮಿಷ ಬಿರುಸಾಗಿ ನಡೆಯಿರಿ ಅಂದರು. ಒಬ್ಬಳೇ ಕತ್ತಲಲ್ಲಿ ನಡೆಯೋದು ಬೇಡ ಅಂತ ಮಗ ಈ ಮರಿಯನ್ನು ತಂದು ಬಿಟ್ಟ. ಬಿರುಸಾಗಿ ನಡೆಯೋದು ಅವತ್ತಿಗೇ ಮುಗಿಯಿತು. ನಾಯಿ ಕಟ್ಟಿಕೊಂಡು ಬಿರುಸಾಗಿ ನಡೆದವರನ್ನು ನಾನು ಇನ್ನೂ ನೋಡಿಲ್ಲ. ಹತ್ತು ಹೆಜ್ಜೆಗೊಂದು ಸಲ ನಿಲ್ಲುತ್ತದೆ. ಎಳೆದರೆ ನಾಲ್ಕೂ ಕಾಲು ಊರಿ ನಮ್ಮನ್ನೇ ಗುರಾಯಿಸುತ್ತದೆ. ಮೊದಲ ತಿಂಗಳು ನನಗೆ ರೇಗುತ್ತಿತ್ತು. ಆಮೇಲೆ, ಇವನು ನಿಂತಿದ್ದಾನೆ, ನಾನೂ ಸುಮ್ಮನೆ ನಿಂತಿದ್ದೇನೆ, ಏನಾದರೂ ನೋಡೋಣ ಅಂತ ತಲೆ ಎತ್ತಿದೆ. ನನ್ನ ಪಕ್ಷಿವೀಕ್ಷಣೆ ಶುರುವಾಗಿದ್ದು ಹಾಗೆ, ಬೇರೆ ದಾರಿಯಿಲ್ಲದೆ.

ನಮ್ಮ ದಾರಿ ತುರುವನೂರು ರಸ್ತೆ ಕಡೆಯದು. ಮನೆಗಳು ಮುಗಿದ ಮೇಲೆ ಒಂದು ಗೋಮಾಳ, ಅದನ್ನು ದಾಟಿದರೆ ಎರೆಹೊಲಗಳು. ಮಾಗಿಯಲ್ಲಿ ಆರು ಗಂಟೆಗೂ ಕತ್ತಲೆ. ಹುಣಸೆಮರದ ಪೊಟರೆಯಲ್ಲಿ ಹಾಲಕ್ಕಿ ಅನ್ನುವ ಪುಟ್ಟ ಗೂಬೆಗಳ ಜೋಡಿಯೊಂದಿದೆ. ನಾವು ಹೋಗುವ ಹೊತ್ತಿಗೆ ಅವುಗಳ ರಾತ್ರಿಪಾಳಿ ಮುಗಿದಿರುತ್ತದೆ, ಮಲಗುವ ಮುಂಚೆ ಗಂಡ ಹೆಂಡತಿ ಒಂದು ಸುತ್ತು ಜಗಳ ಆಡಿಯೇ ಒಳಗೆ ಹೋಗಬೇಕು. ಕೆಂಚನ ಒಂದು ಕಿವಿ ಆ ಮರದ ಕಡೆ, ಇನ್ನೊಂದು ಕಿವಿ ಹೊಲದ ಕಡೆ ತಿರುಗಿರುತ್ತದೆ. ನಾನೂ ವರ್ಷಗಟ್ಟಲೆ ಎರಡು ಕಿವಿಯಲ್ಲಿ ಎರಡು ಲೈನು ಕೇಳಿದವಳು, ಆದರೂ ಅವನಷ್ಟು ಚೆನ್ನಾಗಿ ಬರುವುದಿಲ್ಲ.

ಅವನ ಕಿವಿಗಿಂತ ದೊಡ್ಡದು ಮೂಗು. ವಾಸನೆ ಹಿಡಿಯುವ ಗ್ರಾಹಕಗಳು ನಮ್ಮ ಮೂಗಿನಲ್ಲಿ 50-60 ಲಕ್ಷ ಇದ್ದರೆ ನಾಯಿಯ ಮೂಗಿನಲ್ಲಿ 30 ಕೋಟಿವರೆಗೂ ಇರುತ್ತವೆ ಅನ್ನುತ್ತಾರೆ. ಸಂಖ್ಯೆ ಹೇಳಿದರೆ ಏನೂ ತಿಳಿಯುವುದಿಲ್ಲ, ಮೂಗನ್ನೇ ಹತ್ತಿರದಿಂದ ನೋಡಿ. ಹೊಳ್ಳೆಯ ಪಕ್ಕದಲ್ಲಿ ಅರ್ಧಚಂದ್ರದ ಹಾಗೆ ಒಂದು ಸೀಳು ಇರುತ್ತದೆ. ನಾಯಿ ಉಸಿರು ಎಳೆದುಕೊಳ್ಳುವುದು ಮುಂದಿನಿಂದ, ಬಿಡುವುದು ಆ ಸೀಳಿನಿಂದ ಪಕ್ಕಕ್ಕೆ. ಬಿಟ್ಟ ಉಸಿರು ನೆಲದ ಮೇಲಿನ ವಾಸನೆಯನ್ನು ಕೆಡಿಸಬಾರದಲ್ಲ, ಅದಕ್ಕೆ. ಇಬ್ಬನಿ ಬಿದ್ದು ನೆನೆದ ನೆಲ, ಗಾಳಿಯಿಲ್ಲದ ತಣ್ಣನೆ ಹೊತ್ತು ಅಂದರೆ ಕೆಂಚನಿಗೆ ಹಬ್ಬ. ರಾತ್ರಿ ಅಲ್ಲಿ ಯಾರು ಓಡಾಡಿದರು ಅನ್ನೋದೆಲ್ಲ ನೆಲದಲ್ಲಿ ಹಾಗೇ ಇರುತ್ತದೆ. ನಾವು ಬೆಳಿಗ್ಗೆ ಎದ್ದು ಪೇಪರು ತಿರುವಿದ ಹಾಗೆ ಅವನು ಗೋಮಾಳ ತಿರುವುತ್ತಾನೆ.

ಒಂದು ದಿನ ಒಂದು ಚಪ್ಪಡಿ ಕಲ್ಲಿನ ಹತ್ತಿರ ನಿಂತವನು ಕದಲಲೇ ಇಲ್ಲ. ಬಗ್ಗಿ ಟಾರ್ಚು ಬಿಟ್ಟೆ. ಕಲ್ಲಿನ ನೆತ್ತಿಯ ಮೇಲೆ, ಯಾರೋ ಬೇಕಂತಲೇ ಇಟ್ಟ ಹಾಗೆ, ಬೆರಳು ಗಾತ್ರದ ಹಿಕ್ಕೆ. ಅಯ್ಯೋ, ಸಭೆಯಲ್ಲಿ ಇದೇನು ಅನ್ನಬೇಡಿ, ಇದು ಕೇಳಲೇಬೇಕಾದ ವಿಷಯ. ಕಡ್ಡಿಯಿಂದ ಬಿಡಿಸಿದೆ. ಒಳಗೆ ಏನು ಅಂತೀರಿ? ಏಳೆಂಟು ಎಲಚಿ ಬೀಜ, ಮಿಡತೆಯ ಕಾಲು, ಒಂದಿಷ್ಟು ಇಲಿಯ ಕೂದಲು. ಎಲಚಿ ಹಣ್ಣು, ಬಾರೆಹಣ್ಣು ಅಂತೀವಲ್ಲ, ಅದು ಮಾಗುವುದು ಈಗಲೇ, ಸಂಕ್ರಾಂತಿ ಆಸುಪಾಸು. ಆ ಹಣ್ಣು ತಿಂದು ಊರೆಲ್ಲ ಬೀಜ ಬಿತ್ತುವವರಲ್ಲಿ ನರಿಯೂ ಒಬ್ಬ. ಹತ್ತು ದಿನ ಬಿಟ್ಟು ಅವನನ್ನೇ ನೋಡಿದೆ. ಬೆಕ್ಕಿಗಿಂತ ಸ್ವಲ್ಪ ದೊಡ್ಡದು, ಸಣ್ಣ ಮೂತಿ, ದಪ್ಪ ಬಾಲ, ಬಾಲದ ತುದಿ ಮಾತ್ರ ಶಾಯಿಯಲ್ಲಿ ಅದ್ದಿದ ಹಾಗೆ ಕಪ್ಪು. ಬಯಲುಸೀಮೆಯ ಸಣ್ಣ ನರಿ. ಡಿಸೆಂಬರ್, ಜನವರಿ ಅವುಗಳ ಮದುವೆ ಕಾಲ, ಮರಿ ಹಾಕುವುದು ಬೇಸಿಗೆ ಹೊಸ್ತಿಲಲ್ಲಿ. ನರಿ ನಮ್ಮನ್ನು ನೋಡಿತು, ಕೆಂಚ ನರಿಯನ್ನು ನೋಡಿದ, ಹಗ್ಗ ಬಿಗಿಯಾಯಿತು. ಯಾರೂ ಉಸಿರೆತ್ತಲಿಲ್ಲ. ಆಮೇಲೆ ನರಿ ಗಡಿಬಿಡಿಯೇ ಇಲ್ಲದೆ ಬದುವಿನ ಆಚೆ ಇಳಿದು ಹೋಯಿತು.

ಇನ್ನು ಕಡಲೆ ಹೊಲದ ಕಥೆ. ಎರೆಹೊಲದಲ್ಲಿ ಹಿಂಗಾರಿಗೆ ಕಡಲೆ ಹಾಕುತ್ತಾರೆ, ಅದಕ್ಕೆ ಮಳೆಗಿಂತ ಇಬ್ಬನಿ ಆಸರೆ ಅಂತ ಹಳಬರ ಮಾತು. ಒಂದು ಬೆಳಿಗ್ಗೆ ಕೆಂಚ ಹಗ್ಗದ ಉದ್ದಕ್ಕೂ ಎಳೆದುಕೊಂಡು ಕಡಲೆ ಸಾಲಿನೊಳಗೆ ಇಳಿದುಬಿಟ್ಟ. ಹೊರಗೆ ಬಂದವನು ರಸ್ತೆ ಮಧ್ಯೆ ಕೂತು ಕಾಲು ನೆಕ್ಕುತ್ತಾನೆ, ಮುಖ ಕಿವುಚುತ್ತಾನೆ, ಮತ್ತೆ ನೆಕ್ಕುತ್ತಾನೆ. ಮುಳ್ಳು ಚುಚ್ಚಿತೇನೋ ಅಂತ ನಾನು ಪಾದ ಹಿಡಿದು ನೋಡುತ್ತಿದ್ದೆ. ಹೊಲದ ಯಜಮಾನರು ಕಂಬಳಿ ಹೊದ್ದು ಬದುವಿನ ಮೇಲೆ ನಿಂತಿದ್ದರು.

"ಏನವ್ವಾ, ನಾಯಿನ ಹೊಲ್ದಾಗೆ ಬಿಟ್ಟೀಯಲ್ಲ."

"ತಪ್ಪಾಯ್ತು ಅಜ್ಜಾ, ಎಳ್ಕಂಡ್ ಹೋದ. ಕಾಲಿಗೆ ಏನೋ ಆಗೈತೆ."

"ಏನೂ ಆಗಿಲ್ಲ. ಹುಳಿ ಅದು. ನೀನೂ ನೆಕ್ಕಿ ನೋಡು."

ನೆಕ್ಕಿದೆ. ನಾಯಿ ಕಾಲನ್ನಲ್ಲ, ಗಿಡದ ಎಲೆ ಸವರಿದ ಬೆರಳನ್ನು. ಹುಣಸೆಹಣ್ಣು ನೀರಿನಷ್ಟು ಹುಳಿ! ಕಡಲೆ ಗಿಡದ ಮೈಮೇಲೆಲ್ಲ ಸಣ್ಣ ಕೂದಲಿರುತ್ತದೆ, ಅದರ ತುದಿಯಿಂದ ಆಮ್ಲ ಒಸರುತ್ತದೆ, ಕಾಯಿಕೊರಕ ಹುಳುಗಳಿಗೆ ಅದು ಅಷ್ಟಾಗಿ ಸೇರುವುದಿಲ್ಲ. ಇಬ್ಬನಿ ಬಿದ್ದಾಗ ಅದರ ಜೊತೆ ಕರಗಿ ಹನಿ ಹನಿಯೂ ಹುಳಿಯಾಗುತ್ತದೆ. ಹಿಂದೆ ರಾತ್ರಿ ಬಿಳಿ ಪಂಚೆಯನ್ನು ಗಿಡದ ಮೇಲೆ ಹಾಸಿ, ಬೆಳಿಗ್ಗೆ ಹಿಂಡಿ, ಆ ಹುಳಿಯನ್ನು ಬಾಟಲಿಯಲ್ಲಿ ಇಟ್ಟುಕೊಂಡು ಹೊಟ್ಟೆನೋವಿಗೆ ಕೊಡುತ್ತಿದ್ದರಂತೆ. ಅಜ್ಜ ಹೇಳಿದ್ದು. ಕೊನೆಗೆ ನನ್ನ ಕೈಗೊಂದು ಹಿಡಿ ಹಸಿಕಡಲೆ ಗಿಡ ಕಿತ್ತುಕೊಟ್ಟು, "ನಾಳೆಯಿಂದ ಹಗ್ಗ ಮೋಟು ಹಿಡಿ" ಅಂದರು. ಬೈಗುಳವೂ ಆಯಿತು, ಸತ್ಕಾರವೂ ಆಯಿತು.

ಹಗ್ಗದ ಮಾತು ಬಂತಲ್ಲ, ಇದನ್ನು ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

ಗೋಮಾಳದ ಮೇಲೆ ಚಳಿಗಾಲದಲ್ಲಿ ಒಂದು ಗಿಡುಗ ಬರುತ್ತದೆ. ಪಕ್ಷಿ ನೋಡುವವರು ಸೆಳೆವ ಅನ್ನುತ್ತಾರೆ. ಹದ್ದಿನ ಹಾಗೆ ಮೇಲೆ ಸುತ್ತುವುದಿಲ್ಲ. ರೆಕ್ಕೆಯನ್ನು ಸ್ವಲ್ಪ ಮೇಲಕ್ಕೆ ಎತ್ತಿ ಹಿಡಿದು, ಜೋಳದ ತೆನೆಗೆ ತಾಗಿತೇನೋ ಅನ್ನುವಷ್ಟು ಕೆಳಗೆ ತೇಲಿಕೊಂಡು ಹೋಗುತ್ತದೆ. ಅದರ ಮುಖ ನೋಡಿದರೆ ಅರ್ಧ ಗೂಬೆಯದು. ಮುಖದ ಸುತ್ತ ಗರಿಗಳ ತಟ್ಟೆಯಿದೆ, ಹುಲ್ಲಿನೊಳಗೆ ಇಲಿ ಅಲುಗಾಡಿದ ಸದ್ದನ್ನು ಅದು ಕಿವಿಗೆ ತಂದುಕೊಡುತ್ತದೆ. ಕೇಳಿಸಿಕೊಂಡು ಬೇಟೆಯಾಡುವ ಹಕ್ಕಿ ಅಂತ ತಿಳಿದಾಗ, ಹೆಡ್‌ಫೋನು ಹಾಕಿಕೊಂಡೇ ಸಂಬಳ ತಿಂದವಳಿಗೆ ಅದು ನಮ್ಮ ಡಿಪಾರ್ಟ್‌ಮೆಂಟಿನದೇ ಅನ್ನಿಸಿಬಿಟ್ಟಿತು! ಮರಿ ಮಾಡುವುದು ಕಜಾಕಿಸ್ತಾನದಂಥ ದೂರದ ಹುಲ್ಲುಗಾಡುಗಳಲ್ಲಿ. ನವರಾತ್ರಿ ಹೊತ್ತಿಗೆ ಬಂದು ಯುಗಾದಿ ಆಸುಪಾಸಿಗೆ ಹೊರಟುಬಿಡುತ್ತದೆ. ಇಲ್ಲಿದ್ದಷ್ಟು ದಿನ ಮಿಡತೆ, ಇಲಿ ಹಿಡಿದು ರೈತನ ಕೆಲಸವನ್ನೂ ಮಾಡಿಕೊಡುತ್ತದೆ.

ಆದರೆ ಅದು ರಾತ್ರಿ ಮಲಗುವುದು ಮರದ ಮೇಲೆ ಅಲ್ಲ. ನೆಲದ ಮೇಲೆ, ಹುಲ್ಲಿನೊಳಗೆ, ಹತ್ತಾರು ಒಟ್ಟಿಗೆ. ಇದು ನನಗೆ ಗೊತ್ತಿರಲಿಲ್ಲ. ಒಂದು ಸಂಜೆ ಫೋನು ಬಂತು ಅಂತ ಹಗ್ಗ ಕೈಬಿಟ್ಟೆ. ಕೆಂಚ ಹುಲ್ಲಿಗೆ ನುಗ್ಗಿದ. ನೆಲದಿಂದಲೇ ಒಂದು, ಎರಡು, ಐದು, ಆಮೇಲೆ ಎಣಿಸಲಾಗದಷ್ಟು ಹಕ್ಕಿ ಎದ್ದವು. ಕೂಗಿಲ್ಲ, ರೆಕ್ಕೆ ಬಡಿತವೂ ಕೇಳಿಸಲಿಲ್ಲ. ಹೆಚ್ಚು ಕಡಿಮೆ ಕತ್ತಲಾಗಿತ್ತು. ತಲೆಯ ಮೇಲೆ ಸುತ್ತಿದವು, ಇಳಿಯಲು ನೋಡಿದವು, ಕೆಂಚ ಅಲ್ಲೇ ಕುಣಿಯುತ್ತಿದ್ದಾನೆ. ಮತ್ತೆ ಸುತ್ತಿದವು. ಕೊನೆಗೆ ಒಂದೊಂದಾಗಿ ಕತ್ತಲೊಳಗೆ ಎತ್ತಲೋ ಹೋದವು. ಫೋನಿನಲ್ಲಿ ಅತ್ತ ಕಡೆಯವರು "ಹಲೋ, ಹಲೋ" ಅನ್ನುತ್ತಲೇ ಇದ್ದರು. ಮರುದಿನ ಸಂಜೆ ರಸ್ತೆಯಲ್ಲೇ ನಿಂತು ಕಾದೆ. ಒಂದೂ ಇಳಿಯಲಿಲ್ಲ. ಆ ಚಳಿಗಾಲ ಪೂರ್ತಿ ಆ ಜಾಗಕ್ಕೆ ಅವು ಬಂದಿದ್ದನ್ನು ನಾನು ಕಾಣಲಿಲ್ಲ.

ಅಲ್ಲಿಂದ ಮುಂದೆ ಆರಡಿ ಹಗ್ಗ, ಎರಡು ಸುತ್ತು ಮಣಿಕಟ್ಟಿಗೆ. "ಪಾಪ, ನಾಯಿ ಬಿಡ್ರೀ, ಓಡಾಡ್ಲಿ" ಅಂತ ದಾರಿಯಲ್ಲಿ ಹೇಳುವವರಿದ್ದಾರೆ. ಬಿಟ್ಟ ನಾಯಿಗೆ ಗೌಜಲಕ್ಕಿಯೂ ಒಂದೇ, ಟಿಟ್ಟಿಭವೂ ಒಂದೇ, ಎಲ್ಲ ಓಡಿಸುವ ಆಟಿಕೆ. ಹಗ್ಗದಲ್ಲಿರುವ ನಾಯಿ ಓಡಲಾಗದೆ ನಿಂತು ಮೂಸುತ್ತದೆ, ನೋಡುತ್ತದೆ, ಅದರ ಜೊತೆ ನಾವೂ. ಹಗ್ಗ ಹಿಡಿದ ಮೇಲೆ ನಾನು ಕಂಡ ಪ್ರಾಣಿಪಕ್ಷಿ ಅದಕ್ಕೂ ಮೊದಲು ಕಂಡದ್ದಕ್ಕಿಂತ ಎಷ್ಟೋ ಪಾಲು ಹೆಚ್ಚು.

ಇನ್ನೊಂದು ಕಾರಣ ರೋಗದ್ದು. ನಾಯಿಯಿಂದ ನರಿ, ತೋಳಗಳಿಗೆ ರೇಬಿಸ್ ಹೋಗುತ್ತದೆ, ಡಿಸ್ಟೆಂಪರ್ ಅನ್ನುವ ವೈರಸ್ ಕಾಯಿಲೆ ಹೋಗುತ್ತದೆ. 2018ರಲ್ಲಿ ಗುಜರಾತಿನ ಗಿರ್‌ನಲ್ಲಿ ಕೆಲವೇ ವಾರಗಳಲ್ಲಿ 20ಕ್ಕೂ ಹೆಚ್ಚು ಸಿಂಹ ಸತ್ತಾಗ ಅವುಗಳಲ್ಲಿ ಪತ್ತೆಯಾದದ್ದು ಡಿಸ್ಟೆಂಪರ್ ವೈರಸ್ಸೇ. ಕಲ್ಲಿನ ಮೇಲಿನ ಆ ಹಿಕ್ಕೆಯನ್ನು ಮೂಸುವ ಕೆಂಚನ ಮೂಗಿನಿಂದ ನರಿಗೆ ಏನೂ ದಾಟಬಾರದು, ನರಿಯಿಂದ ಅವನಿಗೂ ದಾಟಬಾರದು. ಹಾಗಾಗಿ ಲಸಿಕೆ ಹಾಕಿಸುವ ತಾರೀಖನ್ನು ಕ್ಯಾಲೆಂಡರಿನಲ್ಲಿ ನನ್ನ ಮಾತ್ರೆಗಳ ಪಕ್ಕದಲ್ಲೇ ಬರೆದಿಟ್ಟಿದ್ದೇನೆ.

ಜೋಗಿಮಟ್ಟಿ ಕಡೆಗೆ, ಬೆಟ್ಟದ ಬುಡಕ್ಕೆ ನಾಯಿ ಕರೆದುಕೊಂಡು ಹೋಗುವವರಿಗೆ ಒಂದೇ ಮಾತು: ಬೇಡ. ಅದು ವನ್ಯಜೀವಿಧಾಮ. ಚಿರತೆಗೆ ನಾಯಿ ಅಂದರೆ ಕಾಲಿನ ಮೇಲೆ ನಡೆದು ಬಂದ ಊಟ. ಕರಡಿ ಅದಕ್ಕಿಂತ ಕಷ್ಟ. ಎಲಚಿ ಹಣ್ಣು ಕರಡಿಗೂ ಇಷ್ಟ. ಪೊದೆಯಲ್ಲಿ ಹಣ್ಣು ತಿನ್ನುತ್ತಿರುವ ಕರಡಿಯನ್ನು ನಾಯಿ ಬೊಗಳಿ ಕೆಣಕುತ್ತದೆ, ಅದು ತಿರುಗಿ ಬಿದ್ದಾಗ ಓಡಿ ಬರುವುದು ಎಲ್ಲಿಗೆ? ನಮ್ಮ ಕಾಲಬುಡಕ್ಕೇ, ಕರಡಿಯನ್ನು ಹಿಂದಿಟ್ಟುಕೊಂಡು. ಹಾಗೇ ಕೊಳಕುಮಂಡಲ. ಚಳಿಗೆ ಹಾವು ಮಲಗಿರುತ್ತದೆ ಅಂತ ನಂಬಬೇಡಿ, ಅದು ಈ ಕಾಲದಲ್ಲಿ ಹಗಲು ಹೊತ್ತೇ ಬಿಸಿಲು ಕಾಯಿಸಲು ದಾರಿಗೆ ಬರುತ್ತದೆ.

ಚಂದ್ರವಳ್ಳಿಗೆ ನಾನು ಭಾನುವಾರ ಕೆಂಚನನ್ನು ಮನೆಯಲ್ಲಿ ಬಿಟ್ಟು ಹೋಗುತ್ತೇನೆ. ಅಲ್ಲಿಯ ಬಂಡೆಯ ಮೇಲೆ ಕದಂಬರ ಮಯೂರಶರ್ಮನ ಶಾಸನವಿದೆ, ನಾಲ್ಕನೆಯ ಶತಮಾನದ್ದು, ಕೆರೆ ಕಟ್ಟಿಸಿದ ವಿಷಯ ಹೇಳುವಂಥದ್ದು. ಶಾಸನ ನೋಡಲು ಬಂದವರು ಒಂದು ನಿಮಿಷ ನೀರಿನ ಅಂಚನ್ನೂ ನೋಡಿ. ಬಾಲ ಕುಣಿಸುತ್ತಾ ಕಲ್ಲಿಂದ ಕಲ್ಲಿಗೆ ಹಾರುವ ಪುಟ್ಟ ಹಕ್ಕಿ, ಬೂದು ಬೆನ್ನು, ಹಳದಿ ಕಿಬ್ಬೊಟ್ಟೆ. ಬೂದು ಸಿಪಿಲೆ. ಹಿಮಾಲಯದ ತೊರೆಗಳಲ್ಲಿ ಗೂಡು ಕಟ್ಟಿ ಚಳಿಗಾಲಕ್ಕೆ ಕೆಳಗಿಳಿಯುವ ಜಾತಿ. ಸಿಪಿಲೆಗಳ ಕಾಲಿಗೆ ಉಂಗುರ ತೊಡಿಸಿ ನೋಡಿದವರು, ಅದೇ ಹಕ್ಕಿ ವರ್ಷವರ್ಷವೂ ಅದೇ ಜಾಗಕ್ಕೆ ಬರುವುದನ್ನು ಕಂಡಿದ್ದಾರೆ. ನಾನು ಮೊದಲು ಎಷ್ಟೋ ಸಲ ಚಂದ್ರವಳ್ಳಿಗೆ ಹೋಗಿದ್ದೆ. ಒಂದು ಸಲವೂ ಕಂಡಿರಲಿಲ್ಲ. ಈಗ ಹತ್ತು ಹೆಜ್ಜೆಗೊಮ್ಮೆ ಕಾಲು ತಾನಾಗಿ ನಿಲ್ಲುತ್ತದೆ, ಪಕ್ಕದಲ್ಲಿ ನಾಯಿ ಇರಲಿ, ಬಿಡಲಿ. ನನ್ನ ಜೊತೆ ಬರುವವರಿಗೆ ಬೇಜಾರು.

ಬಿಳಿಜೋಳ ಹಾಲುಗಾಳಾದಾಗ ಮೋಡದ ಹಾಗೆ ಇಳಿಯುವ ಗುಲಾಬಿ ಕಬ್ಬಕ್ಕಿಗಳನ್ನು ನಾನು ವರ್ಣಿಸಬೇಕಿಲ್ಲ, ಹೊಲ ಇರುವವರು ತಟ್ಟೆ ಬಡಿದು ಸುಸ್ತಾಗಿರುತ್ತೀರಿ. ನವಿಲು ನೋಡಿ ಮೋಸ ಹೋಗಬೇಡಿ ಅಂತ ಮಾತ್ರ ಹೇಳುತ್ತೇನೆ. ಮಳೆಗಾಲ ಮುಗಿದಾಗ ಗಂಡು ನವಿಲು ಉದ್ದ ಗರಿಯನ್ನೆಲ್ಲ ಉದುರಿಸಿ, ಚಳಿಗಾಲದಲ್ಲಿ ಮತ್ತೆ ಬೆಳೆಸಿಕೊಳ್ಳುತ್ತದೆ. ಈಗ ಅದು ಹಬ್ಬ ಮುಗಿದ ಮೇಲೆ ಸೀರಿಯಲ್ ಸೆಟ್ ಬಿಚ್ಚಿದ ಪೆಂಡಾಲಿನ ಹಾಗೆ.

ವಾಪಸ್ ಬಂದಾಗ ಎಂಟು ಗಂಟೆ. ಕಟ್ಟೆಯ ಮೇಲೆ ಕೂತು ಕೆಂಚನ ಮೈ ಹುಡುಕುವುದು ಅರ್ಧ ಗಂಟೆಯ ಕೆಲಸ. ಉತ್ತರಾಣಿ ಬೀಜ ಕಾಲಿಗೆ, ನೆಗ್ಗಿಲು ಮುಳ್ಳು ಪಾದಕ್ಕೆ, ಕಿವಿಯ ಹಿಂದೆ ಉಣ್ಣೆ ಹುಳ. ಮೆಕ್ಕೆಜೋಳ ಕಟಾವಾದ ಹೊಲದ ಕೂಳೆ ತಾಗಿ ಪಾದ ಸೀಳುವುದೂ ಉಂಟು. ಒಣಹುಲ್ಲಿನ ಬೀಜವೊಂದಿದೆ, ಸೀರೆ ಅಂಚಿಗೆ ಚುಚ್ಚಿಕೊಳ್ಳುತ್ತದಲ್ಲ, ಅದರ ಬಾಲ ಹಗ್ಗದ ಹಾಗೆ ಹುರಿಗೊಂಡಿರುತ್ತದೆ. ತೇವ ತಾಗಿದರೆ ಬಿಚ್ಚಿಕೊಳ್ಳುತ್ತದೆ, ಒಣಗಿದರೆ ಸುತ್ತಿಕೊಳ್ಳುತ್ತದೆ, ಹಾಗೆ ತಿರುಗಿ ತಿರುಗಿ ಮಣ್ಣಿಗೆ ಕೊರೆದುಕೊಂಡು ಇಳಿಯುತ್ತದೆ. ಒಂದನ್ನು ಅಂಗೈ ಮೇಲಿಟ್ಟು ಒಂದು ಹನಿ ನೀರು ಬಿಡಿ, ಹುಳುವಿನ ಹಾಗೆ ತಿರುಗುವುದು ಕಾಣುತ್ತದೆ. ಮೊಮ್ಮಕ್ಕಳಿಗೆ ತೋರಿಸಿ, ಅರ್ಧ ಗಂಟೆ ಮೊಬೈಲು ಕೇಳುವುದಿಲ್ಲ. ಅದು ನಾಯಿಯ ಕಿವಿಯೊಳಗೆ, ಬೆರಳ ಸಂದಿಗೆ ಹೊಕ್ಕರೆ ಮಾತ್ರ ಗಾಯವಾಗಿ ಕೀವು ಕಟ್ಟುತ್ತದೆ, ಹಾಗಾಗಿ ದಿನಾ ನೋಡಲೇಬೇಕು. ಆರಿಸಿದ ಬೀಜವನ್ನೆಲ್ಲ ನಾನು ಕಾಂಪೌಂಡ್ ಪಕ್ಕ ಎಸೆಯುತ್ತೇನೆ. ಎರಡು ವರ್ಷದಿಂದ ಅಲ್ಲಿ ಸಣ್ಣ ಗೋಮಾಳವೇ ಎದ್ದಿದೆ, ಪಕ್ಕದ ಮನೆಯವರ ದೂರೂ ಎದ್ದಿದೆ.

ಏನಾದರೂ ಕೇಳುವುದಿದ್ದರೆ ಕೇಳಿ, ಆದರೆ ಬೇಗ. ಕೆಂಚನನ್ನು ಹೊರಗೆ ಬೇವಿನ ಮರಕ್ಕೆ ಕಟ್ಟಿ ಬಂದಿದ್ದೇನೆ. ಆಗಿನಿಂದ ಅವನ ಸದ್ದೇ ಇಲ್ಲ, ಗಂಟು ಕಚ್ಚುತ್ತಿದ್ದಾನೆ ಅಂತ ಕಾಣುತ್ತದೆ.